ಕೂರಲು ಒಂದಿಷ್ಟು ನೆರಳು, ಇಂಗಲು ಒಂದಿಷ್ಟು ಮಣ್ಣು

ಕಳೆದ ನಾಲ್ಕು ತಿಂಗಳಿಂದ ನಾನು ಚಿತ್ರದುರ್ಗದ ಒಂದು ಸಣ್ಣ ಜಾಗವನ್ನು ಅಳೆಯುತ್ತಿದ್ದೇನೆ. ಆರ್ಕಿಟೆಕ್ಚರ್ ಓದಿನ ಕೊನೆಯ ವರ್ಷದಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ದೊಡ್ಡ ವಿನ್ಯಾಸವನ್ನು ತಾನೊಬ್ಬನೇ ಮಾಡಿ ಒಪ್ಪಿಸಬೇಕಾಗುತ್ತದೆ. ಸಹಪಾಠಿಗಳಲ್ಲಿ ಹೆಚ್ಚಿನವರು ಆಸ್ಪತ್ರೆ, ವಿಮಾನ ನಿಲ್ದಾಣ, ವಸ್ತುಸಂಗ್ರಹಾಲಯಗಳನ್ನು ಕೈಗೆತ್ತಿಕೊಂಡರೆ, ನಾನು ಹಳೆಯ ಪೇಟೆಯ ಅಂಚಿನಲ್ಲಿ ಮೂರು ರಸ್ತೆಗಳು ಕೂಡುವ ಕಡೆ ಯಾವ ಉಪಯೋಗಕ್ಕೂ ಬಾರದೆ ಉಳಿದುಹೋದ ಒಂದು ಮೂಲೆ ಜಾಗವನ್ನು ಆರಿಸಿಕೊಂಡೆ. ಅಲ್ಲಿ ಒಂದು ಬೇವಿನ ಮರವಿದೆ, ಮುರಿದ ಕಲ್ಲುಬೆಂಚಿದೆ, ಬಸ್ಸಿಗೆ ಕಾಯುವ ಜನರಿದ್ದಾರೆ. ಈ ನಾಲ್ಕು ತಿಂಗಳಲ್ಲಿ ನನಗೆ ಗಟ್ಟಿಯಾಗಿ ಅನ್ನಿಸಿದ ಮಾತೊಂದನ್ನು ಇಲ್ಲಿ ಬರೆಯುತ್ತಿದ್ದೇನೆ: ನಮ್ಮಂಥ ಬಯಲುಸೀಮೆಯ ಊರಿನಲ್ಲಿ ಸಾರ್ವಜನಿಕ ಜಾಗದ ವಿನ್ಯಾಸವು ನೀರು ಮತ್ತು ನೆರಳಿನಿಂದ ಶುರುವಾಗಬೇಕು. ಕಮಾನು, ಕಾರಂಜಿ, ಬಣ್ಣದ ದೀಪ, ಊರಿನ ಹೆಸರಿನ ದೊಡ್ಡ ದೊಡ್ಡ ಅಕ್ಷರ ಎಲ್ಲವೂ ಆಮೇಲಿನ ಮಾತು.

ಮೊದಲ ಮೂರು ದಿನ ನಾನು ಟೇಪನ್ನು ಬಿಚ್ಚಲೇ ಇಲ್ಲ. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಸುಮ್ಮನೆ ಕುಳಿತು, ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ, ಎಲ್ಲಿಂದ ಎದ್ದುಹೋಗುತ್ತಾರೆ ಎಂದು ನಕ್ಷೆಯ ಮೇಲೆ ಚುಕ್ಕಿ ಇಡುತ್ತಾ ಹೋದೆ. ಅಲ್ಲಿ ಹೂ ಮಾರುವ ಅಜ್ಜಿಯೊಬ್ಬರಿದ್ದಾರೆ. ಬೆಳಿಗ್ಗೆ ಅವರ ಬುಟ್ಟಿ ಮರದ ಪಡುವಣ ಮಗ್ಗುಲಲ್ಲಿರುತ್ತದೆ. ಹತ್ತು ಗಂಟೆಯ ಹೊತ್ತಿಗೆ ಅದು ಕಾಂಡಕ್ಕೆ ಒಂದು ಮೊಳ ಹತ್ತಿರ ಸರಿಯುತ್ತದೆ, ನಡು ಮಧ್ಯಾಹ್ನ ಬುಡಕ್ಕೇ ಆತುಕೊಳ್ಳುತ್ತದೆ, ಮೂರರ ನಂತರ ರಸ್ತೆಯ ಕಡೆಗೆ ಜರುಗುತ್ತದೆ. ಬುಟ್ಟಿಯ ಮೇಲಿನ ಒದ್ದೆ ಗೋಣಿಚೀಲಕ್ಕೆ ಗಂಟೆಗೊಮ್ಮೆ ಬಾಟಲಿಯಿಂದ ನೀರು ಚಿಮುಕಿಸುತ್ತಾರೆ. ಸಂಜೆ ನಕ್ಷೆ ನೋಡಿದಾಗ, ಅವರ ಬುಟ್ಟಿ ಸರಿದ ದಾರಿಗೂ ಕಾಯುವ ಜನ ನಿಂತ ಚುಕ್ಕಿಗಳಿಗೂ ಹೆಚ್ಚು ಅಂತರವಿರಲಿಲ್ಲ. ಎಲ್ಲರೂ ನೆರಳಿನ ಹಿಂದೆಯೇ ನಡೆದಿದ್ದರು. ಬೆಂಚು ಮಾತ್ರ ದಿನವಿಡೀ ಬಿಸಿಲಿನಲ್ಲಿ ಒಂಟಿಯಾಗಿತ್ತು. ಅದನ್ನು ಹಾಕಿಸಿದವರು ಅಲ್ಲಿ ಒಂದು ಮಧ್ಯಾಹ್ನ ನಿಂತು ನೋಡಿದ್ದರೆ ನಾಲ್ಕು ಹೆಜ್ಜೆ ಪಕ್ಕಕ್ಕೆ ಹಾಕಿಸುತ್ತಿದ್ದರು.

ಈ ಊರಿನಲ್ಲಿ ಹುಟ್ಟಿದವರಿಗೆ ನೀರಿನ ವಿಷಯವನ್ನು ಹೊರಗಿನ ಪುಸ್ತಕಗಳಿಂದ ಕಲಿಯುವ ಅಗತ್ಯವಿಲ್ಲ. ಕಲ್ಲಿನ ಕೋಟೆಯನ್ನು ನಾವು ಏಳು ಸುತ್ತಿನ ಕೋಟೆಯೆಂದು, ಓಬವ್ವನ ಕಿಂಡಿಯೆಂದು, ಮದಕರಿ ನಾಯಕನ ಶೌರ್ಯವೆಂದು ಹೆಮ್ಮೆಯಿಂದ ತೋರಿಸುತ್ತೇವೆ. ಆದರೆ ಕೋಟೆ ಅಷ್ಟು ಕಾಲ ತಾಳಿಕೊಂಡದ್ದರಲ್ಲಿ ಕಲ್ಲಿನಷ್ಟೇ ಪಾಲು ನೀರಿನದೂ ಇದೆ. ಬೆಟ್ಟದ ಬಂಡೆಗಳ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡವನ್ನು ತುಂಬುತ್ತದೆ. ಅದು ಕೋಡಿ ಬಿದ್ದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಕೊನೆಗೆ ಪೇಟೆಯ ಸಂತೆ ಹೊಂಡಕ್ಕೆ. ಒಂದು ಹೊಂಡ ತನಗೆ ಬೇಕಾದಷ್ಟನ್ನು ಇಟ್ಟುಕೊಂಡು ಉಳಿದುದನ್ನು ಕೆಳಗಿನದಕ್ಕೆ ಬಿಟ್ಟುಕೊಡುವ ಈ ಏರ್ಪಾಟಿಗೆ ಪಂಪು ಬೇಕಿಲ್ಲ, ವಿದ್ಯುತ್ತು ಬೇಕಿಲ್ಲ. ನೆಲದ ಇಳಿಜಾರನ್ನು ಓದಬಲ್ಲ ಕಣ್ಣು ಬೇಕು, ಅಷ್ಟೆ. ಕೋಟೆಯಿಂದ ಸ್ವಲ್ಪ ಆಚೆ ಚಂದ್ರವಳ್ಳಿಗೆ ಹೋದರೆ, ನಾಲ್ಕನೆಯ ಶತಮಾನದ ಕದಂಬ ಮಯೂರಶರ್ಮನ ಪ್ರಾಕೃತ ಶಾಸನ ಬಂಡೆಯ ಮೇಲಿದೆ. ಅದು ಹೇಳುವುದೂ ಒಂದು ಕೆರೆಯ ವಿಷಯವನ್ನೇ. ಸಾವಿರದಾರುನೂರು ವರ್ಷಗಳ ಹಿಂದೆಯೂ ಈ ನೆಲದಲ್ಲಿ ಕಲ್ಲಿನ ಮೇಲೆ ಕೆತ್ತಿಸಿ ಉಳಿಸಬೇಕಾದಷ್ಟು ದೊಡ್ಡ ಕೆಲಸವೆಂದರೆ ಕೆರೆಯ ಕೆಲಸವಾಗಿತ್ತು.

ಹೊಂಡಗಳು ಬರೀ ನೀರಿನ ತೊಟ್ಟಿಗಳಾಗಿರಲಿಲ್ಲ ಎಂಬುದನ್ನು ನಾನು ಸಂತೆ ಹೊಂಡದ ಮೆಟ್ಟಿಲುಗಳನ್ನು ಅಳೆಯುವಾಗ ಗಮನಿಸಿದೆ. ನೀರು ಏರಿದರೂ ಇಳಿದರೂ ಕಾಲಿಡಲು ಒಂದು ಮೆಟ್ಟಿಲು ಸಿಗುತ್ತದೆ, ಮತ್ತು ಅದೇ ಮೆಟ್ಟಿಲು ಕೂರುವ ಜಾಗವೂ ಆಗುತ್ತದೆ. ನೀರನ್ನು ಕೂಡಿಡುವ ರಚನೆಯೇ ಜನ ಕೂಡುವ ರಚನೆಯೂ ಆಗಬಹುದು ಎಂಬ ಈ ತಿಳಿವಳಿಕೆಯನ್ನು ನಾವು ಬಿಟ್ಟುಕೊಟ್ಟಿದ್ದೇವೆ. ಈಗ ನೀರಿಗೆ ಚರಂಡಿ ಬೇರೆ, ಜನರಿಗೆ ಉದ್ಯಾನ ಬೇರೆ, ಮರಕ್ಕೆ ಕಟಕಟೆ ಬೇರೆ.

ನಮ್ಮ ಬಡಾವಣೆಯ ಉದ್ಯಾನದ ಕಥೆಯನ್ನು ಹೇಳಲೇಬೇಕು. ನಾನು ಚಿಕ್ಕವಳಿದ್ದಾಗ ಅದು ಬರೀ ಮಣ್ಣಿನ ಬಯಲು. ಒಂದು ಮೂಲೆಯಲ್ಲಿ ಹೊಂಗೆ ಮರಗಳು, ಇನ್ನೊಂದು ಮೂಲೆಯಲ್ಲಿ ಮಳೆಗಾಲಕ್ಕೆ ನೀರು ನಿಲ್ಲುವ ಒಂದು ತಗ್ಗು. ಕೆಲವು ವರ್ಷಗಳ ಹಿಂದೆ ಅದಕ್ಕೆ ಅಭಿವೃದ್ಧಿಯ ಭಾಗ್ಯ ಬಂತು. ತಗ್ಗನ್ನು ಮುಚ್ಚಿ ಸಮತಟ್ಟು ಮಾಡಿದರು, ಅಂಚಿನಿಂದ ಅಂಚಿಗೆ ಪೇವರ್ ಹಾಸಿದರು, ಹೊಂಗೆಯ ಬುಡಕ್ಕೆ ತೊಗಟೆಗೆ ತಾಗುವವರೆಗೂ ಕಾಂಕ್ರೀಟ್ ತುಂಬಿದರು. ಸುತ್ತ ಕಬ್ಬಿಣದ ಬೇಲಿ ಬಂತು, ಬೆಳಿಗ್ಗೆ ಒಂಬತ್ತರಿಂದ ಸಂಜೆ ನಾಲ್ಕರವರೆಗೆ ಗೇಟಿಗೆ ಬೀಗ ಬಿತ್ತು. ಎರಡೇ ಬೇಸಿಗೆಯಲ್ಲಿ ಒಂದು ಹೊಂಗೆ ಒಣಗಿತು. ಮೊದಲು ತಗ್ಗಿನಲ್ಲಿ ಇಂಗುತ್ತಿದ್ದ ನೀರು ಈಗ ದೊಡ್ಡ ಮಳೆ ಬಂದಾಗಲೆಲ್ಲ ಕೆಳಗಿನ ಬೀದಿಯ ಮನೆಗಳ ಹೊಸ್ತಿಲಿಗೆ ಬರುತ್ತದೆ. ಮಾಡಿದವರ ಉದ್ದೇಶ ಕೆಟ್ಟದ್ದಾಗಿತ್ತು ಎಂದು ನಾನು ಹೇಳುವುದಿಲ್ಲ. ಧೂಳಿಲ್ಲದ, ಕೆಸರಿಲ್ಲದ, ಫೋಟೋದಲ್ಲಿ ಚೊಕ್ಕಟವಾಗಿ ಕಾಣುವ ಜಾಗವೇ ಒಳ್ಳೆಯ ಜಾಗ ಎಂಬ ಕಲ್ಪನೆ ನಮ್ಮೆಲ್ಲರ ತಲೆಯಲ್ಲೂ ಇದೆ. ಪೇವರ್ ಹಾಕಿದ ದಿನ ನಮ್ಮ ಮನೆಯವರೂ ಸಂತೋಷಪಟ್ಟಿದ್ದರು.

ಮಳೆಯ ಲೆಕ್ಕ ಬಹಳ ಸರಳವಾದದ್ದು, ಶಾಲೆಯ ಮಕ್ಕಳೂ ಮಾಡಬಹುದು. ಒಂದು ಚದರ ಮೀಟರ್ ಜಾಗದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಅದು ಒಂದು ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆ ಎಂದು ಹಿಡಿದರೂ 1,000 ಚದರ ಮೀಟರಿನ ಒಂದು ಸಣ್ಣ ಉದ್ಯಾನದ ಮೇಲೆ ವರ್ಷಕ್ಕೆ 6 ಲಕ್ಷ ಲೀಟರ್ ನೀರು ಬೀಳುತ್ತದೆ. ಅದರಲ್ಲಿ ಅರ್ಧ ಇಂಗಿದರೂ 3 ಲಕ್ಷ ಲೀಟರ್. ಅದನ್ನು ನಾವು ಚರಂಡಿಗೆ ಬಿಟ್ಟು, ಕುಡಿಯಲು ಚನ್ನಗಿರಿ ಕಡೆಯ ಶಾಂತಿಸಾಗರದಿಂದಲೂ ಹಿರಿಯೂರಿನ ವಾಣಿವಿಲಾಸ ಸಾಗರದಿಂದಲೂ ನೀರನ್ನು ಏರಿಸಿ ತರುತ್ತಿದ್ದೇವೆ. 1907ರಲ್ಲಿ ಕಟ್ಟಿ ಮುಗಿದ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಹರಿದ ಮೇಲೆ ಮತ್ತೆ ಕೋಡಿ ಹರಿದದ್ದು 2022ರಲ್ಲಿ ಎಂಬುದನ್ನು ನೆನೆದರೆ, ನಮ್ಮ ಸೀಮೆಯ ಮಳೆಯನ್ನು ನಂಬಿ ಕೂರುವುದು ಎಷ್ಟು ಕಷ್ಟವೆಂದು ತಿಳಿಯುತ್ತದೆ. ಇತ್ತ ಜಿಲ್ಲೆಯ ಹಲವು ಕಡೆ ಆಳದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಬರುತ್ತಿದೆ. ಬಿದ್ದ ನೀರನ್ನು ಬಿದ್ದಲ್ಲೇ ಹಿಡಿಯುವುದು ಇಂಥ ಕಡೆ ಅಲಂಕಾರದ ವಿಷಯವಲ್ಲ.

ಕಟ್ಟುವ ಸಾಮಗ್ರಿಯ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ನನ್ನ ಅಜ್ಜಿಯ ಊರು ಹೊಸದುರ್ಗದ ಕಡೆ. ಅವರದು ಮಾಳಿಗೆ ಮನೆಯಾಗಿತ್ತು: ದಪ್ಪ ಮಣ್ಣಿನ ಗೋಡೆ, ಮರದ ತೊಲೆ, ಅದರ ಮೇಲೆ ಜಂತೆ, ಜಂತೆಯ ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು, ಎಲ್ಲಕ್ಕೂ ಮೇಲೆ ಕರಲು ಮಣ್ಣಿನ ಹೊದಿಕೆ. ಮಳೆಗಾಲಕ್ಕೆ ಮುಂಚೆ ಮನೆಯವರೆಲ್ಲ ಸೇರಿ ಹೊಸ ಕರಲು ತಂದು ಮಾಳಿಗೆಯ ಮೇಲೆ ಹರಡುತ್ತಿದ್ದರು. ಬೆಳೆಗೆ ಬಾರದ ಆ ಕ್ಷಾರದ ಮಣ್ಣು ಮಾಳಿಗೆಗೆ ಏಕೆ ಬೇಕು ಎಂಬುದು ನನಗೆ ಕಾಲೇಜಿಗೆ ಬಂದ ಮೇಲೆ ಅರ್ಥವಾಯಿತು. ಅದರಲ್ಲಿರುವ ಸೋಡಿಯಂನಿಂದಾಗಿ ನೀರು ತಾಗಿದ ಕೂಡಲೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಸಂದುಗಳನ್ನು ಮುಚ್ಚಿಬಿಡುತ್ತವೆ, ಆದ್ದರಿಂದ ನೀರು ಒಳಗಿಳಿಯದೆ ಹರಿದುಹೋಗುತ್ತದೆ. ಹೊಲದಲ್ಲಿ ಯಾವ ಗುಣ ಶಾಪವೋ ಮಾಳಿಗೆಯಲ್ಲಿ ಅದೇ ಗುಣ ವರ. ಹಾಗೆಂದು ಎಲ್ಲರೂ ಮಾಳಿಗೆ ಮನೆಗೆ ಮರಳಬೇಕೆಂದು ನಾನು ಹೇಳುತ್ತಿಲ್ಲ. ವರ್ಷ ವರ್ಷದ ಆ ದುಡಿಮೆ, ಜಡಿಮಳೆಯಲ್ಲಿ ಸೋರುವ ಮೂಲೆ, ಹೊಗೆ ತುಂಬಿದ ಅಡುಗೆಮನೆ, ಇವೆಲ್ಲವನ್ನೂ ಅನುಭವಿಸಿದ ಅಜ್ಜಿ ಈಗ ಆರ್‌ಸಿಸಿ ಮನೆಯಲ್ಲಿದ್ದಾರೆ, ಹಿಂದಕ್ಕೆ ಹೋಗಲು ಒಪ್ಪುವುದಿಲ್ಲ. ಆದರೆ ಏಪ್ರಿಲ್ ತಿಂಗಳ ರಾತ್ರಿ ಆ ಮನೆಯೊಳಗೆ ಮಲಗಲಾಗದೆ ಹೊರಗೆ ಚಾಪೆ ಹಾಸುತ್ತಾರೆ.

ಈ ಎರಡರ ನಡುವೆ ಒಂದು ದಾರಿಯಿದೆ ಮತ್ತು ಅದನ್ನು ತೋರಿಸಿದ್ದು ನಮ್ಮ ರಾಜ್ಯವೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿಯವರು ಆರಂಭಿಸಿದ ‘ಅಸ್ತ್ರ’ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಗಾರರು ಒತ್ತು ಮಣ್ಣಿನ ಇಟ್ಟಿಗೆಯ ಮೇಲೆ ದಶಕಗಟ್ಟಲೆ ಕೆಲಸ ಮಾಡಿದರು. ಮಣ್ಣಿಗೆ ತಕ್ಕಷ್ಟು ಮರಳು, ನೂರಕ್ಕೆ ಆರೇಳು ಪಾಲು ಸಿಮೆಂಟು ಬೆರೆಸಿ, ಕೈಯಿಂದ ನಡೆಸುವ ಯಂತ್ರದಲ್ಲಿ ಒತ್ತಿ, ಮೂರ್ನಾಲ್ಕು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಗೂಡಿನಲ್ಲಿ ಸುಡುವ ಕೆಲಸವೇ ಇಲ್ಲ. ಜಗತ್ತಿನ ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ 7–8 ಪಾಲು ಸಿಮೆಂಟ್ ತಯಾರಿಕೆಯೊಂದರಿಂದಲೇ ಬರುತ್ತಿರುವಾಗ, ಒಂದು ಬಸ್ ತಂಗುದಾಣವನ್ನೋ ಉದ್ಯಾನದ ಕಟ್ಟೆಯನ್ನೋ ಇಂಥ ಇಟ್ಟಿಗೆಯಲ್ಲಿ, ನಮ್ಮದೇ ಬೆಟ್ಟದ ಕಲ್ಲಿನ ತಳಪಾಯದ ಮೇಲೆ ಕಟ್ಟಿ ತೋರಿಸಲು ಏನು ಅಡ್ಡಿ? ಸಣ್ಣ ಸಾರ್ವಜನಿಕ ಕಟ್ಟಡವನ್ನು ನೋಡಿಯೇ ಜನ ತಮ್ಮ ಮನೆಗೆ ಧೈರ್ಯ ಮಾಡುತ್ತಾರೆ. ಹಣದ ಕೊರತೆ ಎಂಬ ಉತ್ತರ ನನಗೆ ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಪಕ್ಕದ ದಾವಣಗೆರೆ 2016ರ ಜನವರಿಯಲ್ಲೇ ಸ್ಮಾರ್ಟ್ ಸಿಟಿಯ ಮೊದಲ 20 ನಗರಗಳ ಪಟ್ಟಿಯಲ್ಲಿತ್ತು. ನಮ್ಮ ಕಡೆಯ ಊರುಗಳಿಗೂ ಬೇರೆ ಬೇರೆ ಯೋಜನೆಗಳಲ್ಲಿ ಹಣ ಬರುತ್ತಲೇ ಇದೆ. ಬಂದ ಹಣ ನೆಲದ ಮೇಲೆ ಯಾವ ರೂಪ ತಾಳುತ್ತದೆ ಎಂಬುದು ನನ್ನ ಪ್ರಶ್ನೆ.

ಇಲ್ಲಿಯವರೆಗೆ ಹಳೆಯದನ್ನು ಹೊಗಳಿದ್ದೇನೆ. ಆದರೆ ಹಳೆಯ ಜಗಲಿ, ಅರಳಿಕಟ್ಟೆ, ಹೊಂಡ ಎಲ್ಲರದಾಗಿರಲಿಲ್ಲ ಎಂಬುದನ್ನು ಮರೆತು ವಿನ್ಯಾಸ ಮಾಡಿದರೆ ಅದು ಅಪ್ರಾಮಾಣಿಕವಾಗುತ್ತದೆ. ಯಾರು ಯಾವ ಜಗಲಿಯ ಮೇಲೆ ಕೂರಬಹುದು, ಯಾರು ಯಾವ ಬಾವಿಗೆ ಬಿಂದಿಗೆ ಇಳಿಸಬಹುದು ಎಂಬುದನ್ನು ಜಾತಿ ತೀರ್ಮಾನಿಸುತ್ತಿತ್ತು, ಕೆಲವು ಕಡೆ ಇಂದಿಗೂ ತೀರ್ಮಾನಿಸುತ್ತಿದೆ. ಅರಳಿಕಟ್ಟೆಯ ಮೇಲೆ ಹೆಂಗಸರು ಹರಟುತ್ತಾ ಕುಳಿತದ್ದನ್ನು ನಾನಂತೂ ನೋಡಿಲ್ಲ. ಸಂವಿಧಾನದ 15(2)ನೇ ವಿಧಿ ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ, ಸಾರ್ವಜನಿಕರು ಸೇರುವ ತಾಣ ಎಂದು ಒಂದೊಂದನ್ನೂ ಹೆಸರಿಸಿ, ಧರ್ಮ, ಜಾತಿ, ಲಿಂಗದ ಕಾರಣಕ್ಕೆ ಯಾರನ್ನೂ ಅಲ್ಲಿಂದ ದೂರವಿಡುವಂತಿಲ್ಲ ಎನ್ನುತ್ತದೆ. ಅದನ್ನು ಮೊದಲ ಸಲ ಪೂರ್ತಿ ಓದಿದಾಗ ನನಗೆ ಅದು ಸಾರ್ವಜನಿಕ ಜಾಗವನ್ನು ವಿನ್ಯಾಸ ಮಾಡುವವರಿಗೆ ಕೊಟ್ಟ ಆದೇಶದಂತೆಯೇ ಕಂಡಿತು. ಆದ್ದರಿಂದ ನನ್ನ ನಕ್ಷೆಯಲ್ಲಿ ಬೇಲಿಯಿಲ್ಲ, ಗೇಟಿಲ್ಲ. ಮೂರು ರಸ್ತೆಗಳಿಂದಲೂ ಮೆಟ್ಟಿಲಿಲ್ಲದೆ, ಗಾಲಿಕುರ್ಚಿಯಲ್ಲಿ ಬರುವವರಿಗೂ ಒಳಗೆ ಬರುವ ದಾರಿಯಿದೆ. ಕತ್ತಲಾದ ಮೇಲೂ ಹೆಣ್ಣುಮಕ್ಕಳು ಹೆದರದೆ ಬಸ್ಸಿಗೆ ಕಾಯುವಂತೆ, ದೀಪದ ಬೆಳಕು ಕೂರುವ ಕಟ್ಟೆಯ ಮೇಲೆ ಬೀಳುತ್ತದೆ, ಆಚೆಯ ಅಂಗಡಿಗಳಿಂದ ಕಟ್ಟೆ ನೇರವಾಗಿ ಕಾಣುತ್ತದೆ.

ಬೀದಿ ವ್ಯಾಪಾರಿಗಳ ವಿಷಯದಲ್ಲಿ ನಮ್ಮ ಓದು ನನಗೆ ನಿರಾಸೆ ತಂದಿದೆ. ಕಾಲೇಜಿನ ನಕ್ಷೆಗಳಲ್ಲಿ ಅವರನ್ನು ಸಾಮಾನ್ಯವಾಗಿ ‘ಒತ್ತುವರಿ’ ಎಂದು ಗುರುತಿಸಿ ತೆಗೆದುಹಾಕುತ್ತೇವೆ. 2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ರಷ್ಟಾದರೂ ಸದಸ್ಯರು ವ್ಯಾಪಾರಿಗಳೇ ಆಗಿರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರಿರಬೇಕು. ಕಾನೂನು ಅವರನ್ನು ಮೇಜಿನ ಮುಂದೆ ಕೂರಿಸಿಕೊಂಡಿರುವಾಗ ನಾವು ಅವರನ್ನು ಕಾಗದದಿಂದಲೇ ಅಳಿಸುವುದು ಯಾವ ನ್ಯಾಯ? ಹೂವಿನ ಅಜ್ಜಿ ಅಲ್ಲಿ ಕುಳಿತಿರುವುದರಿಂದಲೇ ಆ ಮೂಲೆ ಸಂಜೆ ಏಳಕ್ಕೂ ನಿರ್ಭಯವಾಗಿದೆ. ಪಾದಚಾರಿ ದಾರಿಗೆ ಕನಿಷ್ಠ 1.8 ಮೀಟರ್ ಅಡೆತಡೆಯಿಲ್ಲದ ಅಗಲ ಬೇಕು ಎಂದು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿ ಹೇಳುತ್ತದೆ. ಅಷ್ಟನ್ನು ಬಿಟ್ಟ ಮೇಲೂ ಆ ಮೂಲೆಯಲ್ಲಿ ನಾಲ್ಕು ಬುಟ್ಟಿಗಳಿಗೆ, ಒಂದು ತಳ್ಳುಗಾಡಿಗೆ ಧಾರಾಳವಾಗಿ ಜಾಗವಿದೆ. ನಾನು ಅಳೆದು ನೋಡಿದ್ದೇನೆ.

ಈಗ ನಕ್ಷೆ ಒಂದು ಹಂತಕ್ಕೆ ಬಂದಿದೆ. ಬೇವಿನ ಬುಡದ ಸುತ್ತ ಎರಡು ಮೀಟರ್ ಮಣ್ಣನ್ನು ತೆರೆದೇ ಇಟ್ಟಿದ್ದೇನೆ. ಇಳಿಜಾರಿನ ಕೆಳಗಿನ ತುದಿಯಲ್ಲಿ ಮೂರು ಮೆಟ್ಟಿಲಿನ ಒಂದು ತಗ್ಗು ಇದೆ. ಮಳೆ ಬಂದಾಗ ಅದು ಸಣ್ಣ ಹೊಂಡವಾಗಿ ನೀರನ್ನು ಇಂಗಿಸುತ್ತದೆ, ಮಿಕ್ಕ ದಿನ ಅದೇ ಮೆಟ್ಟಿಲ ಮೇಲೆ ಜನ ಕೂರಬಹುದು. ಅದು ತುಂಬಿದರೆ ಮಾತ್ರ ನೀರು ಚರಂಡಿಗೆ ಹೋಗುತ್ತದೆ. ಬೇವಿಗೆ ಜೊತೆಯಾಗಿ ಒಂದು ಹೊಂಗೆಯನ್ನೂ ಬರೆದಿದ್ದೆ.

ಹೋದ ವಾರ ಆ ಹಾಳೆಯನ್ನು ಒಯ್ದು ಹೂವಿನ ಅಜ್ಜಿಯ ಮುಂದೆ ಹರಡಿದೆ. ಯಾವುದು ರಸ್ತೆ, ಯಾವುದು ಮರ ಎಂದು ಒಂದೊಂದಾಗಿ ಬೆರಳಿಟ್ಟು ತೋರಿಸಿದೆ. ಅವರು ಕಟ್ಟುತ್ತಿದ್ದ ಸೇವಂತಿಗೆ ಮಾಲೆಯನ್ನು ಮಡಿಲಲ್ಲಿಟ್ಟು, ಹಾಳೆಯನ್ನು ತಮ್ಮ ಕಡೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನೋಡಿದರು. “ಈ ಹೊಂಗೆ ಗಿಡ ಇಲ್ಲಲ್ಲ ಕಣವ್ವ, ಈ ಕಡೀಕೆ ಹಾಕು. ಮೂರು ಗಂಟೆ ಬಿಸ್ಲು ಆ ಬ್ಯಾಂಕಿನ ಮಗ್ಗುಲಿಂದ ಬರ್ತೈತೆ. ನೀನು ಹಾಕಿರೋ ಕಡೆ ಹಾಕಿದ್ರೆ ನೆಳ್ಳು ರಸ್ತೆ ಮ್ಯಾಲೆ ಬೀಳ್ತೈತೆ, ಜನದ ಮ್ಯಾಲೆ ಬೀಳಲ್ಲ,” ಎಂದರು. ಮನೆಗೆ ಬಂದು ಕಂಪ್ಯೂಟರಿನಲ್ಲಿ ಸೂರ್ಯನ ದಾರಿಯನ್ನು ಇನ್ನೊಮ್ಮೆ ಹಾಕಿ ನೋಡಿದೆ. ನಾನು ಎದುರಿನ ಕಟ್ಟಡದ ಎತ್ತರವನ್ನು ತಪ್ಪಾಗಿ ಕೊಟ್ಟಿದ್ದೆ. ಹೊಂಗೆಯನ್ನು ಅವರು ಬೆರಳಿಟ್ಟ ಜಾಗಕ್ಕೆ ಸರಿಸಿ, ಆ ರಾತ್ರಿಯೇ ಹಾಳೆಯನ್ನು ಹೊಸದಾಗಿ ಬರೆದೆ.