ಬಾಣಂತಿಯ ವಿಳಾಸ ಯಾವ ರಾಜ್ಯದ್ದು?

ಮನೆಗೇ ಬಂದು ಬಾಣಂತಿಯನ್ನೂ ಹಸುಗೂಸನ್ನೂ ನೋಡುವ ಸೇವೆಯಲ್ಲಿ ಕೇರಳವೇ ಮುಂದು ಎಂದು, ಕೇರಳದ ಗಡಿಯೊಳಗಿರುವ ಮಂಜೇಶ್ವರದ ಕನ್ನಡಿಗರಾದ ನಾವು ಹೇಳಿಕೊಳ್ಳುವುದುಂಟು. ಆದರೆ ನಿಯಮ ಕೇರಳ, ಕರ್ನಾಟಕ ಎರಡೂ ಕಡೆ ಒಂದೇ. 2011ರಲ್ಲಿ ಆರಂಭವಾದ ಕೇಂದ್ರದ ಕಾರ್ಯಕ್ರಮದ ಪ್ರಕಾರ, ಆಸ್ಪತ್ರೆಯಲ್ಲಿ ಹೆರಿಗೆಯಾದರೆ 3, 7, 14, 21, 28 ಮತ್ತು 42ನೆಯ ದಿನ ಆಶಾ ಕಾರ್ಯಕರ್ತೆ ಮನೆಗೆ ಬರಬೇಕು.

ತೊಡಕಿರುವುದು ಈ ನಲವತ್ತೆರಡು ದಿನಗಳಲ್ಲಿಯೇ. ಗಡಿಯ ತಲಪಾಡಿಯ ಆಚೆಗೆ, ಕರ್ನಾಟಕಕ್ಕೆ, ಮದುವೆಯಾಗಿ ಹೋದ ಹೆಣ್ಣುಮಗಳು ಚೊಚ್ಚಲ ಬಾಣಂತನಕ್ಕೆ ಬರುವುದು ಈಚೆಯ ತವರುಮನೆಗೆ. ತಾಯಿ ಕಾರ್ಡ್ ಗಂಡನ ಊರಿನದು, ಹೆರಿಗೆ ಮಂಗಳೂರಿನಲ್ಲಿ, ಎಣ್ಣೆ-ನೀರು ಈಚೆಯ ಪೈವಳಿಕೆಯಲ್ಲಿ. ಆಕೆ ಊರಲ್ಲಿಲ್ಲವೆಂದು ಅಲ್ಲಿಯ ಆಶಾ ಸುಮ್ಮನಾಗುತ್ತಾರೆ. ಬಂದಿದ್ದಾಳೆಂಬುದು ಇಲ್ಲಿಯವರಿಗೆ ಯಾರಾದರೂ ಹೇಳಿದರಷ್ಟೇ ಗೊತ್ತು. ಕೈಯಲ್ಲಿ ಕಾಸಿದ್ದವರು ಮಕ್ಕಳ ವೈದ್ಯರ ಬಳಿಗೆ ಹೋಗಿಬರುತ್ತಾರೆ, ಬೀಡಿ ಕಟ್ಟಿ ಬದುಕುವ ಮನೆಯವರು ಕಾಯುತ್ತಾರೆ.

ಆ ಭೇಟಿ ಔಪಚಾರಿಕವಾದದ್ದೇನೂ ಅಲ್ಲ. ಕಾರ್ಯಕರ್ತೆ ಸೋಪು ಹಾಕಿ ಕೈತೊಳೆದು, ಮಗುವನ್ನು ಬಟ್ಟೆಯ ಜೋಲಿಯಲ್ಲಿ ಮಲಗಿಸಿ ತಕ್ಕಡಿಗೆ ತೂಗುಹಾಕುತ್ತಾರೆ. ಜ್ವರ ನೋಡಿ, ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಉಸಿರು ಎಣಿಸುತ್ತಾರೆ. ಸಂಖ್ಯೆ 60 ಮುಟ್ಟಿದರೆ ಮತ್ತೆ ಎಣಿಸಬೇಕು, ಆಗಲೂ ಇಳಿಯದಿದ್ದರೆ ಆಸ್ಪತ್ರೆಗೆ ಕಳಿಸಬೇಕು. ಮೊದಲ ವಾರದಲ್ಲೇ ಜೇನು ನೆಕ್ಕಿಸಲು ಹೊರಟ ಅಜ್ಜಿಯನ್ನು ತಡೆಯುವ ಕೆಲಸವೂ ಅವರದೇ, ಮತ್ತು ಅದನ್ನು ತುಳುವಿನಲ್ಲೋ ಕನ್ನಡದಲ್ಲೋ ಹೇಳಿದರೆ ಮಾತ್ರ ಅಜ್ಜಿ ಕೇಳುತ್ತಾರೆ. ಭಾಷೆಯ ಈ ಒಂದು ವಿಷಯದಲ್ಲಿ ದಕ್ಷಿಣ ಕನ್ನಡದ ತಾಯಂದಿರು ನಮಗಿಂತ ನಿಶ್ಚಿಂತರು.

ಆಹಾರದ ಮಾತು ಬಂದಾಗ ನಾನು ಕೇರಳದ ಪರ. ಕರ್ನಾಟಕದ ಮಾತೃಪೂರ್ಣ ಯೋಜನೆ 2017ರಲ್ಲಿ ಬಾಣಂತಿಯರಿಗೆ ಬಿಸಿಯೂಟವನ್ನು ಅಂಗನವಾಡಿಯಲ್ಲಿ ಇಟ್ಟಿತು. ಹೊಸಿಲು ದಾಟಲು ಬಿಡದ ಮನೆಗಳಲ್ಲಿ ಹಸಿ ಬಾಣಂತಿ ಗುಡ್ಡ ಇಳಿದು ಅಲ್ಲಿಗೆ ಹೋಗುವುದಾದರೂ ಹೇಗೆ? ಕೇರಳದಲ್ಲಿ ಆರು ತಿಂಗಳಿನಿಂದ ಮೂರು ವರ್ಷದವರೆಗಿನ ಮಕ್ಕಳಿಗೆ ಕುಟುಂಬಶ್ರೀ ಸ್ವಸಹಾಯ ಸಂಘಗಳ ಮಹಿಳೆಯರು ತಯಾರಿಸುವ ಅಮೃತಂ ಎಂಬ ಪೌಷ್ಟಿಕ ಪುಡಿಯ ಪೊಟ್ಟಣ ಮನೆ ಸೇರುತ್ತದೆ. ಅದರ ಸೂತ್ರ ರೂಪುಗೊಂಡದ್ದು ನಮ್ಮ ಕಾಸರಗೋಡಿನ ತೋಟಗಾರಿಕಾ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆಯಲ್ಲಿ ಎಂಬುದನ್ನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ.

ಗಡಿಯ ತೊಡಕಿಗೆ ಕಾರ್ಯಕರ್ತೆಯರನ್ನು ದೂರುವುದು ಸಲ್ಲದು. ಎಲ್ಲ ಭೇಟಿಗಳನ್ನೂ ಮುಗಿಸಿದರೆ ಸಿಗುವ ಪ್ರೋತ್ಸಾಹಧನ ಕಾರ್ಯಕ್ರಮ ಆರಂಭವಾದಾಗ ನಿಗದಿಯಾದಂತೆ 250 ರೂಪಾಯಿ. ನಡುವೆ ಬಂದು ನಡುವೆ ಹೋಗುವ ಬಾಣಂತಿಯ ಲೆಕ್ಕ ಯಾರ ಖಾತೆಗೆ? 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ, ಫೆಬ್ರವರಿಯಲ್ಲಿ ತಿರುವನಂತಪುರದಲ್ಲಿ ಆಶಾ ಕಾರ್ಯಕರ್ತೆಯರು ಬೀದಿಗಿಳಿದದ್ದು ಸುಮ್ಮನೆ ಅಲ್ಲ. ಮಂಗಳೂರಿನ ಆಸ್ಪತ್ರೆಗಳು ಬಿಡುಗಡೆಯ ಚೀಟಿ ಬರೆಯುವಾಗ ಗಂಡನ ವಿಳಾಸದ ಜೊತೆಗೆ ಬಾಣಂತನದ ವಿಳಾಸವನ್ನೂ ಕೇಳಿ, ಆ ಊರಿನ ಆರೋಗ್ಯ ಉಪಕೇಂದ್ರಕ್ಕೆ ಒಂದು ಫೋನ್ ಮಾಡಲಿ. ಭೇಟಿಗಳ ಹಣವನ್ನು ಎರಡೂ ಊರಿನ ಕಾರ್ಯಕರ್ತೆಯರಿಗೆ ಹಂಚುವ ಬಗೆಯನ್ನು ಎರಡೂ ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಕುಳಿತು ಗೊತ್ತುಮಾಡಿಕೊಳ್ಳಲಿ.