ಮಳೆಗೆ ಜಗ್ಗದ ಟವೆಲ್

ಬಟ್ಟೆ ಒಗೆಯುವ ಪುಡಿಯನ್ನು ಮನೆಯಲ್ಲೇ ಮಾಡಿಕೊಳ್ಳುವುದು ತೀರಾ ಸುಲಭ. ಒಂದು ಸೋಪು ತುರಿಯಿರಿ, ವಾಷಿಂಗ್ ಸೋಡಾ ಬೆರೆಸಿ, ಡಬ್ಬಿಗೆ ತುಂಬಿ. ಮುಗಿಯಿತು. ಕಷ್ಟ ಶುರುವಾಗುವುದು ಆ ಪುಡಿಯಿಂದ ಬಟ್ಟೆ ಒಗೆಯಲು ಹೊರಟಾಗ ಮಾತ್ರ.

ಮೊದಲ ಎಡವಟ್ಟು ತುರಿಮಣೆಯ ಮೇಲೇ ಆಗುತ್ತದೆ. ಆಗಷ್ಟೇ ಪೊಟ್ಟಣ ಬಿಚ್ಚಿದ ಸೋಪಿನಲ್ಲಿ ಇನ್ನೂ ತೇವ ಇರುತ್ತದೆ. ಅದು ತುರಿಯಾಗಿ ಉದುರದೆ ಮೇಣದ ಹಾಗೆ ಹಲ್ಲುಗಳ ಸಂದಿಯಲ್ಲಿ ಮೆತ್ತಿಕೊಂಡು ಕೂರುತ್ತದೆ. ತಾಳ್ಮೆ ಕೆಟ್ಟವರು ಅದನ್ನು ಎತ್ತಿ ಮಿಕ್ಸಿಗೆ ಹಾಕುತ್ತಾರೆ. ಮಿಕ್ಸಿ ಬಿಸಿಯಾದಂತೆ ಸೋಪು ಮೆತ್ತಗಾಗಿ, ಬ್ಲೇಡಿನ ಸುತ್ತ ಉಂಡೆ ಕಟ್ಟಿ, ಕೊನೆಗೆ ಆ ಜಾರು ತೊಳೆಯಲಿಕ್ಕೇ ಒಂದು ಬಕೆಟ್ ನೀರು ಬೇಕಾಗುತ್ತದೆ. ಅದರ ಬದಲು ಸೋಪನ್ನು ನಾಲ್ಕು ತುಂಡು ಮಾಡಿ, ನೆರಳಲ್ಲಿ ಒಂದು ವಾರ ಬಿಟ್ಟು, ಆಮೇಲೆ ತುರಿಯಬೇಕು. ತುರಿಯನ್ನು ಕಾಗದದ ಮೇಲೆ ಹರಡಿ ಒಂದು ರಾತ್ರಿ ಮತ್ತೆ ಒಣಗಿಸಬೇಕು. ಮಿಕ್ಸಿಗೆ ಹಾಕಲೇಬೇಕೆಂದರೆ ಸೋಡಾದ ಜೊತೆಗೇ ಹಾಕಿ. ಒಣ ಸೋಡಾ ಸೋಪಿನ ಚೂರುಗಳಿಗೆ ಹತ್ತಿಕೊಂಡು ಅವು ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತದೆ. ಎರಡೆರಡು ಸೆಕೆಂಡು ತಿರುಗಿಸಿ ನಿಲ್ಲಿಸಿ. ಮುಚ್ಚಳವನ್ನು ಕೂಡಲೇ ತೆಗೆದು ಒಳಗೆ ಇಣುಕಬೇಡಿ. ಮೇಲೆದ್ದ ಸೋಪಿನ ಧೂಳಿಗೆ ಮನೆಮಂದಿಯೆಲ್ಲ ಸಾಲಾಗಿ ಸೀನುತ್ತಾರೆ, ಸೋಡಾದ ಧೂಳು ಕಣ್ಣಿಗೆ ಬಿದ್ದರಂತೂ ಸೀನುವುದೇ ವಾಸಿ ಅನ್ನಿಸುತ್ತದೆ. ಹತ್ತು ನಿಮಿಷ ಕಾದರೆ ಎಲ್ಲ ತಳಕ್ಕೆ ಇಳಿದಿರುತ್ತದೆ.

ಸೋಪನ್ನು ಆರಿಸುವಾಗ ರ‍್ಯಾಪರಿನ ಮೇಲಿನ ಸಿಹಿಮಾತಿಗೆ ಮರುಳಾಗಬಾರದು. 'ಕೆನೆಯುಕ್ತ', 'ತ್ವಚೆಗೆ ಕೋಮಲ' ಎಂದಿದ್ದರೆ ಅದರಲ್ಲಿ ಬೇಕೆಂದೇ ಉಳಿಸಿದ ಜಿಡ್ಡು ಇರುವ ಸಂಭವವೇ ಹೆಚ್ಚು. ಚರ್ಮಕ್ಕೆ ಅದು ಹಿತ. ಅಂಗಿಗೆ ಚರ್ಮವಿಲ್ಲ, ಅದಕ್ಕೆ ಆ ಜಿಡ್ಡು ಹೊಸ ಕೊಳೆ ಅಷ್ಟೆ.

ಇನ್ನು ಸೋಡಾಗಳ ಗೊಂದಲ. ಅಡುಗೆ ಸೋಡಾ ಬೇರೆ, ವಾಷಿಂಗ್ ಸೋಡಾ ಬೇರೆ. ಮೊದಲನೆಯದು ಸೋಡಿಯಂ ಬೈಕಾರ್ಬೊನೇಟ್, ಬಲು ಸಾಧು ಪ್ರಾಣಿ. ಎರಡನೆಯದು ಸೋಡಿಯಂ ಕಾರ್ಬೊನೇಟ್. ಬರಿಗೈಯಲ್ಲಿ ಕಲಸಿದರೆ ಬೆರಳು ಒಡೆಯುವಷ್ಟು ಖಾರ. ಬಟ್ಟೆಗೆ ಬೇಕಾದದ್ದು ಈ ಖಾರದ್ದೇ. ಮನೆಯಲ್ಲಿ ಅಡುಗೆ ಸೋಡಾ ಮಾತ್ರ ಇದ್ದರೆ ಅದನ್ನೇ ವಾಷಿಂಗ್ ಸೋಡಾ ಮಾಡಿಕೊಳ್ಳಬಹುದು: ತಟ್ಟೆಯಲ್ಲಿ ತೆಳ್ಳಗೆ ಹರಡಿ 200 ಡಿಗ್ರಿ ಸೆಲ್ಸಿಯಸ್ ಓವನ್‌ನಲ್ಲಿ ಒಂದು ಗಂಟೆ ಇಟ್ಟರೆ ನೀರಾವಿಯೂ ಇಂಗಾಲದ ಡೈಆಕ್ಸೈಡೂ ಹೊರಟುಹೋಗುತ್ತವೆ. ಆಗಿದೆಯೋ ಇಲ್ಲವೋ ಎಂದು ನೋಡಲು ನಾಲಿಗೆ ಬೇಡ, ತಕ್ಕಡಿ ಸಾಕು. 100 ಗ್ರಾಂ ಇಟ್ಟದ್ದು 63 ಗ್ರಾಂಗೆ ಇಳಿದಿದ್ದರೆ ಕೆಲಸ ಮುಗಿದಿದೆ. 80ರಲ್ಲೇ ನಿಂತಿದ್ದರೆ ಮತ್ತೆ ಒಳಗೆ ತಳ್ಳಿ.

ವಾಷಿಂಗ್ ಸೋಡಾದಲ್ಲೂ ಎರಡು ಜಾತಿ. ಬಿಳಿ ಪುಡಿಯಾಗಿ ಬರುವುದು ಒಣ ಸೋಡಾ. ಕಲ್ಲುಸಕ್ಕರೆಯಂಥ ಹರಳಾಗಿ ಬರುವುದರ ತೂಕದಲ್ಲಿ ನೂರಕ್ಕೆ 63 ಪಾಲು ನೀರೇ. ಆದ್ದರಿಂದ 'ಒಂದು ಕಪ್ ಸೋಡಾ' ಎಂದು ಬರೆದು ಸುಮ್ಮನಾಗುವ ವಿಧಾನವನ್ನು ನಂಬಿ ಹರಳು ಅಳೆದು ಹಾಕಿದರೆ ನೀವು ಹಾಕಿದ್ದು ಅರ್ಧಕ್ಕಿಂತ ಹೆಚ್ಚು ನೀರು. ಕಪ್ಪಿನ ಲೆಕ್ಕ ಬಿಟ್ಟು ಗ್ರಾಂ ಲೆಕ್ಕಕ್ಕೆ ಬಂದರೆ ಅರ್ಧ ಅವಾಂತರ ತಪ್ಪುತ್ತದೆ.

ಪುಡಿ ಬೇಡ, ದ್ರವವೇ ಇರಲಿ ಎನ್ನುವವರದು ಇನ್ನೊಂದು ಕಥೆ. ಸಾಮಾನ್ಯ ವಿಧಾನ ಹೀಗೆ: 50 ಗ್ರಾಂ ಸೋಪಿನ ತುರಿಯನ್ನು ಒಂದು ಲೀಟರ್ ಬಿಸಿನೀರಿನಲ್ಲಿ ಕರಗಿಸಿ, 50 ಗ್ರಾಂ ಸೋಡಾ ಸೇರಿಸಿ, ಉಳಿದ ನೀರು ಹೊಯ್ದು ಐದು ಲೀಟರ್ ಮಾಡುವುದು. ಅಲ್ಯೂಮಿನಿಯಂ ಪಾತ್ರೆಯಲ್ಲಿ ಮಾತ್ರ ಬೇಡ. ಸೋಡಾ ಆ ಲೋಹವನ್ನೇ ತಿನ್ನುತ್ತದೆ, ಗುಳ್ಳೆ ಏಳುತ್ತದೆ, ಪಾತ್ರೆ ಕಪ್ಪಾಗುತ್ತದೆ. ಸ್ಟೀಲ್ ಪಾತ್ರೆಯಲ್ಲಿ ಮಾಡಿದರೆ ರಾತ್ರಿ ಮಲಗುವಾಗ ಬಕೆಟ್ಟಿನಲ್ಲಿ ಕಂಗೊಳಿಸುವ ಹಳದಿ ದ್ರವ ಇರುತ್ತದೆ. ಬೆಳಿಗ್ಗೆ ಎದ್ದು ಮುಚ್ಚಳ ತೆಗೆದರೆ ದ್ರವ ಇರುವುದಿಲ್ಲ. ಕೋಲು ಹಾಕಿದರೆ ಕೋಲು ನಿಲ್ಲುತ್ತದೆ. ಬಕೆಟ್ ಅಲುಗಿಸಿದರೆ ಇಡೀ ಸರಕು ಒಂದೇ ದೇಹವಾಗಿ ಗಡಗಡ ನಡುಗಿ, ಅಂಚಿನಲ್ಲಿ ಒಂದಿಷ್ಟು ತಿಳಿನೀರು ಬಿಟ್ಟು, ಮತ್ತೆ ಗಂಭೀರವಾಗಿ ಕೂರುತ್ತದೆ.

ಕಾರಣ ಇಷ್ಟೇ. ಗಟ್ಟಿ ಕೊಬ್ಬಿನಿಂದ ಮಾಡಿದ ಸೋಪು ಬಿಸಿಯಲ್ಲಿ ಕರಗಿದರೂ ತಣ್ಣಗಾದಾಗ ನಾರುನಾರಾಗಿ ಹೆಪ್ಪುಗಟ್ಟಿ ಬಲೆ ನೇಯುತ್ತದೆ, ನೀರು ಆ ಬಲೆಯೊಳಗೆ ಸಿಕ್ಕಿಕೊಳ್ಳುತ್ತದೆ. ಸೋಡಾ ಹೆಚ್ಚಾದರೆ ಸೋಪನ್ನು ನೀರಿನಿಂದ ಆಚೆಗೇ ತಳ್ಳುತ್ತದೆ, ಆಗ ಒಡೆದ ಹಾಲಿನಂತೆ ಮೇಲೆ ಗಡ್ಡೆ, ಕೆಳಗೆ ನೀರು. ಹೆದರಬೇಕಾಗಿಲ್ಲ, ಪೂರ್ತಿ ತಣಿದ ಮೇಲೆ ಕಡೆಗೋಲಿನಂಥದ್ದರಿಂದ ಕಡೆದರೆ ಸರಿಹೋಗುತ್ತದೆ. ಬಿಸಿಯಿರುವಾಗ ಬ್ಲೆಂಡರ್ ಇಳಿಸಿದಿರೋ, ನೊರೆ ಬಕೆಟ್ ದಾಟಿ ನಿಮ್ಮನ್ನೇ ಹುಡುಕಿಕೊಂಡು ಬರುತ್ತದೆ. ತೆಂಗಿನೆಣ್ಣೆಯ ಸೋಪು ತಣ್ಣೀರಿನಲ್ಲೂ ಚೆನ್ನಾಗಿ ಕರಗುವುದರಿಂದ ಈ ಹಟ ಕಡಿಮೆ.

ಆದರೆ ಈ ಐದು ಲೀಟರಿನ ಒಳಗುಟ್ಟನ್ನು ಯಾರಾದರೂ ಹೇಳಬೇಕು. 50 ಗ್ರಾಂ ಸೋಪು, 50 ಗ್ರಾಂ ಸೋಡಾ, ಮಿಕ್ಕಿದ್ದೆಲ್ಲ ನೀರು. ಅಂದರೆ ನೂರಕ್ಕೆ 98 ಪಾಲು ನೀರು. ಅರ್ಧ ಕಪ್, ಅಂದರೆ ಸುಮಾರು 120 ಮಿಲಿಲೀಟರ್, ಬಕೆಟ್ಟಿಗೆ ಹಾಕಿದರೆ ಸೇರುವುದು 1.2 ಗ್ರಾಂ ಸೋಪು. ಅಷ್ಟು ಸೋಪು ಕೈ ತೊಳೆದಾಗ ಬೆರಳ ಸಂದಿಯಲ್ಲಿ ಉಳಿದಿರುತ್ತದೆ.

ಇಲ್ಲಿಯವರೆಗಿನದೆಲ್ಲ ಸಣ್ಣಪುಟ್ಟ ಕಾಟ. ದೊಡ್ಡ ಯಜಮಾನ ನೀರು. ನಲ್ಲಿಯಲ್ಲಿ ಬರುವುದು ಗಡಸು ನೀರಾದರೆ ಅದರಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿರುತ್ತವೆ. ಸೋಪು ಕೊಳೆಯ ಕಡೆಗೆ ತಿರುಗಿಯೂ ನೋಡುವ ಮೊದಲು ಇವರಿಬ್ಬರ ಕೈ ಹಿಡಿದು ಕರಗದ ಜಿಡ್ಡಾಗಿ ಕೂತುಬಿಡುತ್ತದೆ. ಲೆಕ್ಕ ಹಾಕೋಣ. ಲೀಟರಿಗೆ 300 ಮಿಲಿಗ್ರಾಂ ಗಡಸುತನ ಇರುವ ನೀರು 10 ಲೀಟರ್ ತೆಗೆದುಕೊಂಡರೆ ಅದರಲ್ಲಿ ಇರುವುದು ಕ್ಯಾಲ್ಸಿಯಂ ಕಾರ್ಬೊನೇಟಿನ ಲೆಕ್ಕದಲ್ಲಿ 3 ಗ್ರಾಂ. ಅಷ್ಟಕ್ಕೇ ಸುಮಾರು 18 ಗ್ರಾಂ ಸೋಪು ಆಹುತಿ. ನಿಮ್ಮ 1.2 ಗ್ರಾಂ ಅಲ್ಲಿ ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಅದೇ ಗಡಸುತನ ಇಳಿಸಲು ಒಣ ವಾಷಿಂಗ್ ಸೋಡಾ ಬೇಕಾದದ್ದು ಲೆಕ್ಕದ ಪ್ರಕಾರ 3.2 ಗ್ರಾಂ, ತಣ್ಣೀರಿನಲ್ಲಿ ಅದು ನಿಧಾನಸ್ಥ, ಹಾಗಾಗಿ ಧಾರಾಳವಾಗಿ 8ರಿಂದ 10 ಗ್ರಾಂ ಹಾಕಬೇಕು. ಅದನ್ನು ಮೊದಲು ಹಾಕಬೇಕು, ಹತ್ತು ನಿಮಿಷ ಬಿಡಬೇಕು, ಸೋಪು ಆಮೇಲೆ. ಎರಡನ್ನೂ ಒಂದೇ ಪುಡಿಯಲ್ಲಿ ಬೆರೆಸಿ ಸುರಿದರೆ ಕ್ಯಾಲ್ಸಿಯಂಗೆ ಯಾರು ಮೊದಲು ಸಿಕ್ಕರು ಎನ್ನುವುದು ಅದೃಷ್ಟದ ಮಾತು. ನನ್ನನ್ನು ಕೇಳಿದರೆ ಸೋಡಾಕ್ಕೊಂದು ಡಬ್ಬಿ, ಸೋಪಿನ ತುರಿಗೊಂದು ಡಬ್ಬಿ ಇಡುವುದೇ ಜಾಣತನ. ಆದರೆ ಹಾಗೆ ಇಟ್ಟರೆ 'ನಾನೇ ಮಾಡಿದ ಪುಡಿ' ಎಂದು ನಾಲ್ಕು ಜನಕ್ಕೆ ತೋರಿಸಲು ಏನೂ ಇರುವುದಿಲ್ಲ.

ನಿಮ್ಮ ನೀರು ಎಂಥದ್ದೆಂದು ತಿಳಿಯಲು ಪ್ರಯೋಗಾಲಯ ಬೇಡ. ಅರ್ಧ ಲೀಟರಿನ ಪಾರದರ್ಶಕ ಬಾಟಲಿಗೆ ಅರ್ಧದಷ್ಟು ನೀರು ತುಂಬಿ, ಒಂದು ಚಿಟಿಕೆ ಸೋಪಿನ ತುರಿ ಹಾಕಿ, ಇಪ್ಪತ್ತು ಸೆಕೆಂಡು ಜೋರಾಗಿ ಕುಲುಕಿ. ಮೆದು ನೀರಾದರೆ ಎರಡು ಬೆರಳು ನೊರೆ ಎದ್ದು ಅಲ್ಲೇ ನಿಲ್ಲುತ್ತದೆ. ಗಡಸು ನೀರಾದರೆ ನೊರೆ ಎದ್ದ ಹಾಗೆ ಮಾಡಿ ಸತ್ತುಹೋಗುತ್ತದೆ. ನೀರು ಬೂದಿ ಕಲಸಿದಂತೆ ಕದಡುತ್ತದೆ, ಮೇಲೆ ಬಿಳಿ ಚೂರುಗಳು ತೇಲುತ್ತವೆ, ಬಾಟಲಿಯ ಒಳಗೋಡೆಗೆ ಜಿಡ್ಡಿನ ಒಂದು ಬಳೆ ಕಟ್ಟುತ್ತದೆ. ಆ ಬಳೆಯನ್ನು ಒಂದು ಕ್ಷಣ ನೋಡಿ. ಪ್ರತಿ ಒಗೆತದಲ್ಲೂ ನಿಮ್ಮ ಬಟ್ಟೆಯ ಎಳೆಎಳೆಗೂ ಕೂರುವುದು ಅದೇ.

ಮೊದಲ ನಾಲ್ಕೈದು ಒಗೆತ ಎಲ್ಲ ಚೆನ್ನಾಗಿಯೇ ಕಾಣುತ್ತದೆ, ಮೋಸ ಇರುವುದೇ ಅಲ್ಲಿ. ಆಮೇಲೆ ಬಿಳಿ ಬನಿಯನ್ ಬೂದು ತಿರುಗುತ್ತದೆ, ಒದ್ದೆಯಾದಾಗಲೆಲ್ಲ ಮುಗ್ಗಲು ವಾಸನೆ ಬರುತ್ತದೆ, ಟವೆಲ್ ಅಟ್ಟೆಯಂತೆ ಸೆಟೆದು ನಿಲ್ಲುತ್ತದೆ. ಒಣಗಿದ ಟವೆಲ್ ಮೇಲೆ ಒಂದು ಹನಿ ನೀರು ಬಿಡಿ. ಹನಿ ಹೀರಿಕೊಳ್ಳದೆ ಕೆಸುವಿನ ಎಲೆಯ ಮೇಲಿನಂತೆ ಗುಂಡಗೆ ಉರುಳಿದರೆ ಅದು ಟವೆಲ್ ಕೆಲಸಕ್ಕೆ ರಾಜೀನಾಮೆ ಕೊಟ್ಟಿದೆ ಎಂದರ್ಥ. ಇದು ಬರಿಯ ತಮಾಷೆಯಲ್ಲ. ಬಟ್ಟೆಗೆ ನೀರು ಹಿಡಿಯದಂತೆ ಮಾಡಲು ಇಂಥದ್ದೇ ಲೋಹದ ಸೋಪುಗಳನ್ನು ಬಳಸುವುದುಂಟು. ನೀವು ಗೊತ್ತಿಲ್ಲದೆ ಮೈ ಒರೆಸುವ ಬಟ್ಟೆಯನ್ನು ಮಳೆಯಂಗಿ ಮಾಡಿದ್ದೀರಿ, ಅಷ್ಟೆ. ಬಿಡಿಸಬೇಕಾದರೆ 60 ಡಿಗ್ರಿಯ ಬಿಸಿನೀರು, ಅಂಗಡಿಯ ಡಿಟರ್ಜೆಂಟ್, ಎರಡು ಸುತ್ತು. ಹೌದು, ಬೇಡ ಎಂದು ಬಿಟ್ಟಿದ್ದ ಅದೇ ಡಿಟರ್ಜೆಂಟ್.

ಅದು ಹುಟ್ಟಿದ್ದಕ್ಕೂ ಕಾರಣ ಇದೆ. ಮೊದಲ ಮಹಾಯುದ್ಧದ ಕಾಲಕ್ಕೆ ಜರ್ಮನಿಯಲ್ಲಿ ಸೋಪಿಗೆ ಕೊಬ್ಬು ಸಿಗದೆ ರಸಾಯನಶಾಸ್ತ್ರಜ್ಞರು ಬೇರೆ ದಾರಿ ಹುಡುಕಿದರು. 1946ರಲ್ಲಿ ಅಮೆರಿಕದಲ್ಲಿ ಟೈಡ್ ಬಂದದ್ದು ಗಡಸು ನೀರಿಗೂ ಬಗ್ಗದ ಪುಡಿಯಾಗಿ. ಇವುಗಳ ಜೊತೆಗೆ ಬೆವರು, ರಕ್ತದ ಕಲೆ ಕತ್ತರಿಸುವ ಕಿಣ್ವಗಳು, ಬಿಟ್ಟ ಕೊಳೆ ಮತ್ತೆ ಬಟ್ಟೆಗೆ ಹತ್ತದಂತೆ ಕಾಯುವ ಪದಾರ್ಥಗಳು ಸೇರಿಕೊಂಡಿವೆ. ತುರಿಮಣೆಯಿಂದ ಅವು ಉದುರುವುದಿಲ್ಲ.

ಇಷ್ಟರಲ್ಲಿ ಯಾರಾದರೂ 'ಸ್ವಲ್ಪ ವಿನೆಗರ್ ಸೇರಿಸಿ' ಎಂದು ಸಲಹೆ ಕೊಟ್ಟೇ ಕೊಡುತ್ತಾರೆ. ಸೋಪಿಗೂ ವಿನೆಗರಿಗೂ ಎಣ್ಣೆ ಸೀಗೆಕಾಯಿ. ಆಮ್ಲ ತಗುಲಿದರೆ ಸೋಪು ತನ್ನ ಪೂರ್ವಾಶ್ರಮಕ್ಕೆ, ಅಂದರೆ ಕೊಬ್ಬಿನ ಆಮ್ಲಕ್ಕೆ, ಮರಳಿ ಬಿಳಿ ಗಂಟಾಗಿ ತೇಲುತ್ತದೆ. ಸೋಡಾಕ್ಕೆ ಬೆರೆಸಿದರೆ ಬುಸ್ಸೆಂದು ಉಕ್ಕುತ್ತದೆ, ನೋಡಲು ಭರ್ಜರಿ. ಉಕ್ಕಿ ಇಳಿದ ಮೇಲೆ ಉಳಿಯುವುದು ಸೋಡಾವೂ ಅಲ್ಲದ ವಿನೆಗರೂ ಅಲ್ಲದ ಒಂದು ಉಪ್ಪಿನ ನೀರು. ನಗೆ ಬಿಟ್ಟು ಹೇಳಬೇಕಾದ ಮಾತೊಂದೇ: ಬ್ಲೀಚಿಗೆ ವಿನೆಗರ್ ಅಥವಾ ಬೇರಾವ ಆಮ್ಲವನ್ನೂ ಸೇರಿಸಬೇಡಿ, ಕ್ಲೋರಿನ್ ಅನಿಲ ಏಳುತ್ತದೆ. ಅಮೋನಿಯಾ ಇರುವ ಕ್ಲೀನರನ್ನೂ ಅದರ ಹತ್ತಿರ ಸುಳಿಯಗೊಡಬೇಡಿ.

ಇಷ್ಟೆಲ್ಲ ಕೇಳಿಯೂ ಮಾಡಿಯೇ ತೀರುತ್ತೇನೆ ಎನ್ನುವವರಿಗೆ ಅಳತೆ ಇಲ್ಲಿದೆ. ಚೆನ್ನಾಗಿ ಒಣಗಿದ ಸೋಪಿನ ತುರಿ 200 ಗ್ರಾಂ, ಒಣ ವಾಷಿಂಗ್ ಸೋಡಾ 200 ಗ್ರಾಂ. ಮೆದು ನೀರಾದರೆ 10 ಲೀಟರಿಗೆ 20 ಗ್ರಾಂ ಪುಡಿ ಸಾಕು. ಸೋಪು 10, ಸೋಡಾ 10 ಬಿತ್ತು. ಗಡಸು ನೀರಾದರೆ ಮೊದಲು ಬರಿ ಸೋಡಾ, ಹತ್ತು ನಿಮಿಷದ ಮೇಲೆ ಈ ಪುಡಿ. ಬೆಚ್ಚಗಿನ ನೀರಿನಲ್ಲಿ ಮೊದಲು ಕದಡಿಕೊಂಡು ಹಾಕಿ, ಇಲ್ಲದಿದ್ದರೆ ಕಪ್ಪು ಪ್ಯಾಂಟಿನ ಜೇಬಿನಲ್ಲಿ ಕರಗದ ತುರಿ ಬೆಚ್ಚಗೆ ಮಲಗಿರುತ್ತದೆ. ಕೊನೆಯಲ್ಲಿ ಎರಡು ಸಲವಾದರೂ ಜಾಲಿಸಿ. ಉಣ್ಣೆ, ರೇಷ್ಮೆಗೆ ಇದು ಬೇಡವೇ ಬೇಡ. ಸೋಡಾದ ಕ್ಷಾರಕ್ಕೆ ಅವುಗಳ ಎಳೆ ಬಿರುಸಾಗಿ ಬಲ ಕಳೆದುಕೊಳ್ಳುತ್ತದೆ. ಮುಂದಿನಿಂದ ಬಟ್ಟೆ ತುಂಬುವ ವಾಷಿಂಗ್ ಮೆಷಿನ್ನಿನಿಂದಲೂ ದೂರವಿಡಿ. ಅದು ಬಳಸುವುದೇ ಕಡಿಮೆ ನೀರು, ಸೋಪಿನ ನೊರೆಯನ್ನೂ ಜಿಡ್ಡನ್ನೂ ಹೊರಹಾಕಲಾರದೆ ಒದ್ದಾಡುತ್ತದೆ. ಕಾಲೊರೆಸು, ನೆಲ ಒರೆಸುವ ಬಟ್ಟೆ, ಕೆಲಸದ ಹಳೆಯ ಅಂಗಿ, ಇವುಗಳಿಗೆ ಧಾರಾಳವಾಗಿ ಬಳಸಿ. ಅವು ದೂರು ಕೊಡುವುದಿಲ್ಲ.

ಡಬ್ಬಿಯ ಮುಚ್ಚಳ ಗಾಳಿಯಾಡದಷ್ಟು ಬಿಗಿಯಾಗಿರಲಿ. ಒಣ ಸೋಡಾ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ. ಒಂದು ಮಳೆಗಾಲ ಮುಚ್ಚಳ ಸಡಿಲ ಬಿಟ್ಟರೆ ಒಳಗಿನ ಚಮಚವೂ ಸೇರಿ ಒಂದೇ ಬಂಡೆ. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ ಹೆಸರು ಬರೆದು ಅಂಟಿಸಿ, ಅಡುಗೆಮನೆಯಿಂದ ಆಚೆ, ಮಕ್ಕಳ ಕೈಗೆ ಎಟುಕದಷ್ಟು ಎತ್ತರದಲ್ಲಿ ಇಡಿ. ಪಕ್ಕದಲ್ಲಿ ಒಂದು ಸುತ್ತಿಗೆಯೂ ಇರಲಿ.