ಮರಿಮೊಮ್ಮಕ್ಕಳ ಕೋರ್ಟಿಗೊಂದು ನಿರೀಕ್ಷಣಾ ಜಾಮೀನು ಅರ್ಜಿ

ಅರ್ಜಿದಾರರು: ಕೃಷ್ಣಾ, ಘಟಪ್ರಭಾ, ಮಲಪ್ರಭಾ, ಡೋಣಿ ನದಿಗಳ ಆಜೂಬಾಜೂ 2020ರ ದಶಕದಲ್ಲಿ ಬಾಳಿದ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಸಮಸ್ತರು. ವಯಸ್ಸು ಬೇರೆ ಬೇರೆ. ಉದ್ಯೋಗ: ಒಕ್ಕಲುತನ ಮತ್ತು ಚಹಾ ಕುಡಿಯುವುದು.

ಎದುರುದಾರರು: ಇನ್ನೂ ಹುಟ್ಟಿಲ್ಲ.

ಅರ್ಜಿದಾರರು ವಿನಯಪೂರ್ವಕ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮ ಮೇಲೆ ಇನ್ನೂ ಎಫ್‌ಐಆರ್ ಆಗಿಲ್ಲ. ಆಗುವ ಲಕ್ಷಣ ಮಾತ್ರ ಕಾಣುತ್ತಿದೆ. ನಾವು ಗುಡಿ ಕಟ್ಟೆಯ ಮೇಲೆ ಕೂತು ನಮ್ಮ ಮುತ್ತಜ್ಜರ ಬಗ್ಗೆ ಆಡುವ ಮಾತು ಕೇಳಿದರೆ, ನಾಳೆ ಅದೇ ಕಟ್ಟೆಯಲ್ಲಿ ನಮ್ಮ ಬಗ್ಗೆ ಏನು ನಡೆಯಲಿದೆ ಎಂದು ಊಹಿಸುವುದು ಕಷ್ಟವಲ್ಲ. ಮುತ್ತಜ್ಜರಿಗೆ ‘ಪಾಪ, ಗೊತ್ತಿರಲಿಲ್ಲ’ ಎಂಬ ರಿಯಾಯಿತಿ ಸಿಕ್ಕಿತು. ನಮಗೆ ಸಿಗಲಿಕ್ಕಿಲ್ಲ. ನಾವು ಧಾರವಾಡದ ಕೃಷಿ ಮೇಳಕ್ಕೆ ಹೋಗಿ ಕೈಚೀಲದ ತುಂಬ ಕರಪತ್ರ ತಂದವರು. ಆದ್ದರಿಂದ ಬಂಧನಕ್ಕೆ ಮುಂಚೆಯೇ ಈ ಅರ್ಜಿ.

ಮೊದಲು ರವದಿಯ, ಅಂದರೆ ಕಬ್ಬಿನ ಒಣ ಸೋಗೆಯ ವಿಷಯ. ಕಬ್ಬು ಕಡಿದು ಹೋದ ಮೇಲೆ ಎಕರೆಗೆ ಮೂರರಿಂದ ನಾಲ್ಕು ಟನ್ ರವದಿ ಹೊಲದಲ್ಲಿ ಬಿದ್ದಿರುತ್ತದೆ. ಅದಕ್ಕೆ ನಾವು ಮಾಡುವ ಸಂಸ್ಕಾರ ಹೀಗಿದೆ: ಸಂಜೆ ಬದುವಿಗೆ ಬರುವುದು, ಬಾಜೂ ಹೊಲದವರು ಮನೆಗೆ ಹೋಗಿದ್ದಾರೆಯೇ ಎಂದು ನೋಡುವುದು, ಕಡ್ಡಿ ಗೀರುವುದು. ಅಲ್ಲಿಂದ ಮುಂದಿನದು ಗಾಳಿಯ ಜವಾಬ್ದಾರಿ. ಗಾಳಿ ತಿರುಗಿದರೆ ಬಾಜೂದವರ ನಿಂತ ಕಬ್ಬು, ಡ್ರಿಪ್ ಪೈಪು, ಬದುವಿನ ಬೇವಿನ ಗಿಡ ಇಷ್ಟೂ ಹೆಚ್ಚುವರಿಯಾಗಿ ಸುಡುತ್ತವೆ. ಹೊಗೆ ರಸ್ತೆಗೆ ಇಳಿದರೆ ಬೈಕಿನವನಿಗೆ ಎದುರು ಬರುವ ಲಾರಿ ಕಾಣುವುದಿಲ್ಲ.

ರವದಿಯಲ್ಲಿ ಸಾರಜನಕ ನೂರಕ್ಕೆ ಸುಮಾರು 0.4ರಷ್ಟು. ನಾಲ್ಕು ಟನ್ನಿಗೆ 16 ಕೆ.ಜಿ. ಅಷ್ಟು ಸಾರಜನಕಕ್ಕೆ ಸುಮಾರು 35 ಕೆ.ಜಿ. ಯೂರಿಯಾ ಬೇಕು, ಅಂದರೆ 45 ಕೆ.ಜಿ.ಯ ಚೀಲದಲ್ಲಿ ಮುಕ್ಕಾಲು ಭಾಗ. ಬೆಂಕಿ ಹಚ್ಚಿದ ರಾತ್ರಿ ಅದು ಹೊಗೆಯಾಗಿ ಹೋಗುತ್ತದೆ, ಗಂಧಕವೂ ಅದರ ಬೆನ್ನಿಗೆ. ಪೊಟ್ಯಾಷ್ ಬೂದಿಯಲ್ಲಿ ಉಳಿಯುತ್ತದೆ, ಗಾಳಿ ಬಿಟ್ಟರೆ. ಮರುದಿನ ಮುಂಜಾನೆ ನಾವು ಸೊಸೈಟಿ ಮುಂದೆ ಯೂರಿಯಾಕ್ಕೆ ಪಾಳಿ ಹಚ್ಚುತ್ತೇವೆ. ಸಿಗದಿದ್ದರೆ ಸರ್ಕಾರವನ್ನು ಬೈಯುತ್ತೇವೆ.

ಸುಡದೆ ಇರುವುದು ಹೇಗೆ ಎಂಬುದೂ ನಮಗೆ ಗೊತ್ತಿತ್ತು, ಮುಚ್ಚಿಡುವುದಿಲ್ಲ. ಕಡಿದ ಕಬ್ಬಿನ ಬಡ್ಡಿಗಳನ್ನು ನೆಲಮಟ್ಟಕ್ಕೆ ಸವರಬೇಕು. ರವದಿಯನ್ನು ಸಾಲು ಬಿಟ್ಟು ಸಾಲಿಗೆ ಎಳೆದು ಹಾಕಬೇಕು, ಇಲ್ಲವೇ ಟ್ರ್ಯಾಕ್ಟರಿಗೆ ಮಲ್ಚರ್ ಕಟ್ಟಿ ಪುಡಿ ಮಾಡಬೇಕು. ಟನ್ ರವದಿಗೆ 8 ಕೆ.ಜಿ. ಯೂರಿಯಾ, 10 ಕೆ.ಜಿ. ಸೂಪರ್ ಫಾಸ್ಫೇಟ್, ತಿಪ್ಪೆಗೊಬ್ಬರದಲ್ಲಿ ಕಲಸಿದ 1 ಕೆ.ಜಿ. ಕೊಳೆಸುವ ಸೂಕ್ಷ್ಮಾಣು ಪುಡಿ ಉದುರಿಸಿ ನೀರು ಹಾಯಿಸಬೇಕು. ಯೂರಿಯಾ ಏಕೆಂದರೆ, ರವದಿಯಲ್ಲಿ ಇಂಗಾಲ ವಿಪರೀತ, ಸಾರಜನಕ ಕಡಿಮೆ. ಕೊಳೆಸುವ ಸೂಕ್ಷ್ಮಾಣುಗಳು ತಮಗೆ ಬೇಕಾದ ಸಾರಜನಕವನ್ನು ಮಣ್ಣಿನಿಂದಲೇ ಕಸಿದುಕೊಳ್ಳುತ್ತವೆ, ಬಡ್ಡಿಯಿಂದ ಮತ್ತೆ ಚಿಗುರಿದ ಕುಳೆ ಕಬ್ಬು ಹಳದಿ ಬೀಳುತ್ತದೆ. ಯೂರಿಯಾ ಉಳಿಸಲು ಹೋಗಿ, ಕುಳೆ ಹಳದಿಯಾದದ್ದು ಕಂಡು, ‘ನಾ ಅದಕ್ಕ ಹೇಳಿದ್ನಿ, ಸುಡೂದ ಚಲೋ ಅಂತ’ ಎಂದ ತಜ್ಞರು ಊರಿಗೊಬ್ಬರು ಇದ್ದಾರೆ. ನಾಲ್ಕು ಟನ್ ಕೊಳೆಸಲು ಬೇಕಾದ ಯೂರಿಯಾ 32 ಕೆ.ಜಿ. ಬೆಂಕಿಯಲ್ಲಿ ಹೋದದ್ದೂ ಹೆಚ್ಚುಕಡಿಮೆ ಅಷ್ಟೇ. ಕೊಳೆತದ್ದು ಮಾತ್ರ ಹೊಲದಲ್ಲೇ ಉಳಿಯುತ್ತದೆ. ಈ ಹೋಲಿಕೆಯನ್ನು ನ್ಯಾಯಾಲಯ ಗಮನಿಸದಿದ್ದರೆ ಉಪಕಾರ.

ನಮ್ಮ ಸಮರ್ಥನೆಗಳೂ ಇವೆ. ರವದಿ ಇದ್ದರೆ ಸಾಲಿನಲ್ಲಿ ನೀರು ಮುಂದೆ ಹೋಗುವುದಿಲ್ಲ. ಹಾವು ಸೇರುತ್ತವೆ. ಇಲಿ ಹೆಚ್ಚುತ್ತವೆ. ಇವುಗಳಲ್ಲಿ ಸುಳ್ಳು ಕಡಿಮೆ. ಎಲ್ಲಕ್ಕಿಂತ ಗಟ್ಟಿಯಾದ ಸಮರ್ಥನೆ ಕೊನೆಯದು: ‘ಎಲ್ಲಾರೂ ಸುಡ್ತಾರ್ರಿ, ನಾವೊಬ್ರು ಬಿಟ್ರ ಏನಾಕ್ಕೈತಿ?’ ಈ ವಾಕ್ಯವನ್ನು ಅರ್ಜಿಯ ಪ್ರತಿ ಪುಟದ ಅಡಿಯಲ್ಲಿ ಅಚ್ಚು ಹಾಕಿಸಿದ್ದೇವೆ.

ನಿಂತ ಕಬ್ಬಿಗೇ ಬೆಂಕಿ ಇಡುವವರೂ ನಮ್ಮಲ್ಲಿದ್ದಾರೆ. ಎಲೆಯ ಅಂಚು ಮೈ ಕೊಯ್ಯುತ್ತದೆ, ಸುಟ್ಟರೆ ಕಡಿಯುವುದು ಬೇಗ. ಕಡಿಯುವ ಗ್ಯಾಂಗ್ ಸಿಗದೆ ಡಿಸೆಂಬರ್ ದಾಟಿದ ರೈತನಿಗೆ ಬುದ್ಧಿ ಹೇಳುವುದು ಸುಲಭವಲ್ಲ. ಆದರೆ ಸುಟ್ಟ ಕಬ್ಬಿನ ತೂಕ ದಿನದಿನಕ್ಕೆ ಇಳಿಯುತ್ತದೆ, ಸಕ್ಕರೆ ಒಡೆಯುತ್ತದೆ, ಕಾರ್ಖಾನೆಯವರು ಕಡಿತ ಹಾಕುತ್ತಾರೆ. ಗೇಟಿನ ಮುಂದೆ ಪಾಳಿ ಉದ್ದವಿದ್ದರೆ ರೊಕ್ಕ ನಿಂತಲ್ಲೇ ಕರಗುತ್ತದೆ.

ಎರಡನೆಯದು ನೀರು. ಕಬ್ಬಿಗೆ ಒಂದು ಬೆಳೆಗೆ 1500ರಿಂದ 2500 ಮಿಲಿಮೀಟರ್ ನೀರು ಬೇಕು. ನಡುವಿನ 2000 ಹಿಡಿಯೋಣ. ಮಳೆ, ಕಾಲುವೆ, ಬೋರು ಎಲ್ಲ ಸೇರಿ ಎಕರೆಗೆ ಸುಮಾರು 80 ಲಕ್ಷ ಲೀಟರ್. ಜಲ ಜೀವನ್ ಮಿಷನ್ನಿನ ಲೆಕ್ಕದಲ್ಲಿ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್. ಅಂದರೆ ಒಂದೆಕರೆ ಕಬ್ಬು ಕುಡಿಯುವುದು 400 ಮಂದಿಯ ಇಡೀ ವರ್ಷದ ನೀರು. ಆ 400 ಮಂದಿ ಏಪ್ರಿಲ್‌ನಲ್ಲಿ ಕೊಡ ಹಿಡಿದು ಟ್ಯಾಂಕರಿನ ದಾರಿ ಕಾಯುತ್ತಾರೆ. ಟ್ಯಾಂಕರು ಬರುವ ದಾರಿಯ ಎರಡೂ ಕಡೆ ಕಬ್ಬು ಹಸಿರಾಗಿ ನಿಂತಿರುತ್ತದೆ.

ಡ್ರಿಪ್ ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು, ಸಬ್ಸಿಡಿಯೂ ಇತ್ತು. ಬಹಳಷ್ಟು ಪೈಪು ಶೆಡ್ಡಿನಲ್ಲಿ ಸುರುಳಿಯಾಗಿ ತೂಗುತ್ತಿದೆ. ಫಿಲ್ಟರ್ ದಿನಾ ತೊಳೆಯಬೇಕು, ಪೈಪಿನ ತುದಿ ವಾರಕ್ಕೊಮ್ಮೆ ಬಿಚ್ಚಿ ಕಸ ಹೊರಗೆ ಬಿಡಬೇಕು, ಉಪ್ಪು ಕಟ್ಟಿದರೆ ಆ್ಯಸಿಡ್ ಹಾಯಿಸಬೇಕು, ಬೇಸಿಗೆಯಲ್ಲಿ ಇಲಿ ಕಡಿದಲ್ಲಿ ಜೋಡಿಸಬೇಕು. ಕಾಲುವೆಯ ಬಾಯಿ ಒಡೆಯಲು ಇದ್ಯಾವುದೂ ಬೇಡ, ಒಂದು ಸಲಿಕೆ ಸಾಕು.

ಸಲಿಕೆಯೂ ಬೇಡ ಎನ್ನಿಸಿದ ದಿನ ನಾವು ಕಂಡುಕೊಂಡದ್ದು ಆಟೋ ಸ್ಟಾರ್ಟರ್. 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟಿನ ಬಿಲ್ಲಿಲ್ಲ. ತ್ರೀಫೇಸ್ ಏಳು ತಾಸು, ಅದರಲ್ಲಿ ಕೆಲವು ತಾಸು ಸರಿರಾತ್ರಿಯಲ್ಲಿ. ಕರೆಂಟು ಬಂದ ಕ್ಷಣ ಮೋಟಾರು ತಾನೇ ಚಾಲೂ ಆಗುತ್ತದೆ. ಹೊಲ ಒಣಗಿದೆಯೋ, ಕೆಸರಾಗಿದೆಯೋ, ಮಳೆ ಹೊಡೆಯುತ್ತಿದೆಯೋ ಎಂದು ಅದು ಕೇಳುವುದಿಲ್ಲ. ಜಡಿಮಳೆಯಲ್ಲೂ ಕಬ್ಬಿಗೆ ನೀರು ಹಾಯಿಸಿದ ಕೀರ್ತಿ ನಮ್ಮ ಪೀಳಿಗೆಯದು. ಊರಿನ ಎಲ್ಲ ಮೋಟಾರು ಒಂದೇ ಕ್ಷಣಕ್ಕೆ ಎದ್ದರೆ ವೋಲ್ಟೇಜು ಕುಸಿಯುತ್ತದೆ, ಟಿಸಿ (ಟ್ರಾನ್ಸ್‌ಫಾರ್ಮರ್) ಸುಡುತ್ತದೆ. ಆಗ ನಾವು ಹೆಸ್ಕಾಂ ಕಚೇರಿ ಮುಂದೆ ಧರಣಿ ಕೂರುತ್ತೇವೆ. ಹೊಸ ಟಿಸಿ ಬಂದ ರಾತ್ರಿ ಮತ್ತೆ ಎಲ್ಲ ಮೋಟಾರು ಒಟ್ಟಿಗೆ.

ಇದರ ಫಲ ಎರಿ ಮಣ್ಣಿನಲ್ಲಿ, ಅಂದರೆ ಕಪ್ಪು ಮಣ್ಣಿನಲ್ಲಿ, ಮೇಲೆ ಕಾಣುತ್ತದೆ. ಎರಿ ಭೂಮಿಯಲ್ಲಿ ನೀರು ಬಸಿಯುವುದು ನಿಧಾನ. ಸುರಿದದ್ದೆಲ್ಲ ಕೆಳಗೆ ನಿಂತು ಅಂತರ್ಜಲ ಒಂದು-ಒಂದೂವರೆ ಮೀಟರಿನವರೆಗೆ ಏರುತ್ತದೆ. ಅಲ್ಲಿಂದ ಮಣ್ಣಿನ ಸಣ್ಣ ಸಂದಿಗಳಲ್ಲಿ ಮೇಲಕ್ಕೆ ಹತ್ತಿ, ಬಿಸಿಲಿಗೆ ನೀರು ಆರಿ, ಉಪ್ಪು ಮಾತ್ರ ಮೇಲೆ ಬಿಳಿ ಪದರಾಗಿ ಕೂರುತ್ತದೆ. ಹೀಗೆ ಉಪ್ಪು ಹತ್ತಿ ಜೌಗಾದ ಭೂಮಿಗೆ ಸವಳು-ಜವಳು ಎಂದರೆ ಅಥಣಿ, ರಾಯಬಾಗ, ಜಮಖಂಡಿ ಕಡೆ ಮಕ್ಕಳಿಗೂ ಗೊತ್ತು. ಮೊದಲು ಕಬ್ಬು ಗಿಡ್ಡಾಗುತ್ತದೆ, ಆಮೇಲೆ ಕಬ್ಬೇ ಬರುವುದಿಲ್ಲ. ಔಷಧ ಇದೆ: ಮೀಟರಿಗೂ ಆಳಕ್ಕೆ ತೂತಿನ ಪಿವಿಸಿ ಪೈಪು ಹೂತು ಬಸಿಗಾಲುವೆ ಮಾಡಿ, ಉಪ್ಪು ನೀರನ್ನು ಹಳ್ಳಕ್ಕೆ ಹೊರಡಿಸಬೇಕು. ಜಿಪ್ಸಂ ಕೆಲಸ ಮಾಡುವುದು ಸೋಡಿಯಂ ಹೆಚ್ಚಾದ ಕರಲು ಭೂಮಿಗೆ, ಅದೂ ಬಸಿಯಲು ದಾರಿ ಇದ್ದರೆ. ನಾವು ಬಸಿಗಾಲುವೆ ಬಿಟ್ಟು ಜಿಪ್ಸಂ ಅಷ್ಟೇ ಹಾಕಿದೆವು, ಅದಕ್ಕೆ ಸಬ್ಸಿಡಿ ಇತ್ತಲ್ಲ. ಬಸಿಗಾಲುವೆಗೆ ಕೆಳಗಿನ ಹೊಲದವರು ಜಾಗ ಬಿಡಬೇಕು. ಅವರ ಜೊತೆ ನಮಗೆ ಬದುವಿನ ವ್ಯಾಜ್ಯ ಮೊದಲಿನಿಂದಲೂ ಇದೆ.

ಬೋರಿನ ಪ್ರಕರಣ ಗಂಭೀರವಾದದ್ದು, ಇಲ್ಲಿ ನ್ಯಾಯಾಲಯದ ಸಹನೆ ಬೇಕು. ಜಾಗ ತೋರಿಸುವವನು ಅಂಗೈಯಲ್ಲಿ ತೆಂಗಿನಕಾಯಿ ಹಿಡಿದು ಹೊಲ ತಿರುಗುತ್ತಾನೆ. ಕಾಯಿ ಎದ್ದು ನಿಂತಲ್ಲಿ ತಮಿಳುನಾಡಿನ ತಿರುಚೆಂಗೋಡಿನ ಬೋರ್ ಗಾಡಿ ಬಂದು ಆರೂವರೆ ಇಂಚಿನ ತೂತು ಹೊಡೆಯುತ್ತದೆ. ನಮ್ಮ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ನೀರು ಇರುವುದು ಮೇಲಿನ ಸಡಿಲು ಪದರದಲ್ಲಿ, ಬಿರುಕಿನಲ್ಲಿ, ಒಂದು ಲಾವಾ ಪದರಕ್ಕೂ ಇನ್ನೊಂದಕ್ಕೂ ನಡುವಿನ ಸಂದಿಯಲ್ಲಿ. ಆಳ ಹೆಚ್ಚಿದಂತೆ ನೀರು ಹೆಚ್ಚಬೇಕು ಎಂಬ ನಿಯಮ ಕಲ್ಲಿಗೆ ಗೊತ್ತಿಲ್ಲ. ಗಾಡಿಯವನ ದರಪಟ್ಟಿಗೆ ಮಾತ್ರ ಗೊತ್ತು, ಕೆಳಗೆ ಹೋದಂತೆ ಫೂಟಿನ ರೇಟು ಏರುತ್ತದೆ. ‘ಇನ್ನೊಂದು ಐವತ್ತು ಫೂಟು ನೋಡೂಣ್ರಿ’ ಎಂಬ ಮಾತಿನಲ್ಲಿ ಎಷ್ಟು ಎಕರೆ ಕರಗಿವೆಯೋ, ಬ್ಯಾಂಕಿನವರನ್ನು ಕೇಳಬೇಕು.

ನೀರು ಬರದಿದ್ದಾಗ ನಾವು ಮಾಡಿದ್ದು ಇಷ್ಟು: ಕೇಸಿಂಗ್ ಪೈಪು ರೊಕ್ಕದ್ದು, ಅದನ್ನು ಕಿತ್ತು ಮನೆಗೆ ಒಯ್ದೆವು. ಬಾಯಿಗೆ ಗೋಣಿಚೀಲ, ಅದರ ಮೇಲೊಂದು ಕಲ್ಲು. ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ: ಬಿಟ್ಟ ಬೋರನ್ನು ತಳದಿಂದ ನೆಲದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು. ಚಾಲೂ ಬೋರಾದರೆ ಕೇಸಿಂಗ್ ಸುತ್ತ ಅರ್ಧ ಮೀಟರ್ ಚೌಕದ, ನೆಲದ ಮೇಲೆ 30 ಮತ್ತು ಕೆಳಗೆ 30 ಸೆಂಟಿಮೀಟರ್ ಇರುವ ಸಿಮೆಂಟ್ ಕಟ್ಟೆ, ಬಾಯಿಗೆ ಬೆಸುಗೆ ಹಾಕಿದ ಇಲ್ಲವೇ ಬೋಲ್ಟ್ ಬಿಗಿದ ಗಟ್ಟಿ ಮುಚ್ಚಳ. ತುಂಬುವುದಕ್ಕೆ ಎಷ್ಟು ಮಣ್ಣು? ಆರೂವರೆ ಇಂಚಿನ 500 ಫೂಟು ತೂತಿಗೆ ಸುಮಾರು 115 ಘನ ಅಡಿ. ಅಂದರೆ ನೂರು ಘನ ಅಡಿಯ ಒಂದು ಬ್ರಾಸಿಗೆ ತುಸು ಹೆಚ್ಚು. ಮನೆ ಕಟ್ಟುವಾಗ ಅಂಗಳಕ್ಕೇ ಇದರ ಹತ್ತು ಪಟ್ಟು ಮುರುಮು ಹಾಕಿಸುತ್ತೇವೆ. 2017ರ ಏಪ್ರಿಲ್‌ನಲ್ಲಿ ಅಥಣಿ ತಾಲ್ಲೂಕಿನ ಝುಂಜರವಾಡದಲ್ಲಿ ಬೋರಿಗೆ ಬಿದ್ದ ಆರು ವರ್ಷದ ಹುಡುಗಿ ಬದುಕಿ ಬರಲಿಲ್ಲ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಬಿದ್ದ ಕೂಸನ್ನು ಸುಮಾರು 20 ತಾಸಿನ ನಂತರ ಜೀವಂತ ಎತ್ತಿದರು. ಈ ಪ್ಯಾರಾದಲ್ಲಿ ನಮ್ಮ ವಕೀಲರು ಸಮರ್ಥನೆ ಬರೆಯಲು ಒಪ್ಪಲಿಲ್ಲ.

ಹಿಂದಿನವರು ಏನು ಬಿಟ್ಟುಹೋದರು ಎಂದು ಎದುರುದಾರರು ವಿಜಯಪುರದ ತಾಜ್ ಬಾವಡಿ ಎಂಬ ಹಳೆಯ ದೊಡ್ಡ ಬಾವಿಯನ್ನು ಸಾಕ್ಷಿಗೆ ತರಬಹುದು. 1620ರದ್ದು. ಬೇಗಂ ತಲಾಬ್ ಎಂಬ ಕೆರೆ 1651ರದ್ದು, ಅಲ್ಲಿಂದ ಊರೊಳಗಿನ ನೀರಿನ ಗೋಪುರಗಳಿಗೆ ಮಣ್ಣಿನ ಕೊಳವೆಯಲ್ಲಿ ನೀರು ಬರುತ್ತಿತ್ತು. ಇದಕ್ಕೆ ನಮ್ಮ ಆಕ್ಷೇಪವಿದೆ. ಬಾವಡಿಯಲ್ಲಿ ಮೆಟ್ಟಿಲಿದ್ದವು. ಎಷ್ಟು ಮೆಟ್ಟಿಲು ಹೊರಗೆ ಬಿದ್ದಿವೆ ಎಂದು ನೋಡಿದರೆ ಎಷ್ಟು ನೀರು ಉಳಿದಿದೆ ಎಂದು ದಾರಿಹೋಕನಿಗೂ ಕಾಣುತ್ತಿತ್ತು. ಅಷ್ಟು ಕಂಡರೆ ಯಾರು ತಾನೇ ನಿಶ್ಚಿಂತೆಯಿಂದ ಕಬ್ಬು ಹಚ್ಚಿಯಾರು? ಬೋರಿನಲ್ಲಿ ಆ ಕಾಟವಿಲ್ಲ. ಮೋಟಾರು ಗಾಳಿ ಉಗುಳುವವರೆಗೆ ನೆಮ್ಮದಿ.

ಕಬ್ಬು ಸಾಗಿಸುವ ಜೋಡು ಟ್ರೇಲರಿನ ಟ್ರ್ಯಾಕ್ಟರಿನ ಬಗ್ಗೆ ಹೆಚ್ಚು ಹೇಳುವುದಿಲ್ಲ, ಅದು ರಸ್ತೆಯಲ್ಲಿ ತಾನೇ ಹೇಳಿಕೊಳ್ಳುತ್ತದೆ. ಹಿಂದೆ ದೀಪವಿಲ್ಲ. ರಿಫ್ಲೆಕ್ಟರ್ ಹಚ್ಚಿದ್ದರೂ ಜೋತುಬಿದ್ದ ಕಬ್ಬಿನ ಹಿಂದೆ ಮುಚ್ಚಿದೆ. ಭಾರವೆಲ್ಲ ಹಿಂದಿನ ಹುಕ್ಕಿಗೆ ಬಿದ್ದು ಏರಿನಲ್ಲಿ ಮುಂದಿನ ಗಾಲಿ ಮೇಲೇಳುತ್ತದೆ, ಅದಕ್ಕೆ ಬಂಪರಿನ ಮೇಲೆ ಕಲ್ಲು ತುಂಬಿದ ಚೀಲ. ಗಾಲಿ ಎದ್ದರೆ ಸ್ಟೀರಿಂಗ್ ತಿರುಗಿಸಿಯೂ ಉಪಯೋಗವಿಲ್ಲ. ಪಂಕ್ಚರಾದರೆ ಗಾಲಿಗೆ ಕಲ್ಲು ಕೊಡುತ್ತಾರೆ, ರಿಪೇರಿಯಾದ ಮೇಲೆ ಟ್ರ್ಯಾಕ್ಟರು ಹೋಗುತ್ತದೆ, ಕಲ್ಲು ರಸ್ತೆಯಲ್ಲೇ ಇರುತ್ತದೆ. ಸೌಂಡ್ ಬಾಕ್ಸ್ ಮಾತ್ರ ಸುಸ್ಥಿತಿಯಲ್ಲಿದೆ. ಹಿಂದೆ ಬರುವವನ ಹಾರ್ನು ಚಾಲಕನಿಗೆ ಕೇಳುವುದಿಲ್ಲ.

ಇಲ್ಲಿಯವರೆಗೆ ಓದಿ, ಇದೆಲ್ಲ ರೈತರ ತಪ್ಪು ಎಂದು ಬೆಳಗಾವಿಯ ಕ್ಯಾಂಪಿನಲ್ಲೋ ಬಾಗಲಕೋಟೆಯ ನವನಗರದಲ್ಲೋ ಕೂತು ತಲೆಯಾಡಿಸಿದವರನ್ನು ಸಹ-ಆರೋಪಿಗಳಾಗಿ ಸೇರಿಸಲು ಕೋರುತ್ತೇವೆ. ಎಕರೆಗೆ 40 ಟನ್ ಕಬ್ಬು, ನೂರಕ್ಕೆ ಹತ್ತು ಸಕ್ಕರೆ ಎಂದರೂ 4 ಟನ್. ಆ 80 ಲಕ್ಷ ಲೀಟರನ್ನು ಇದಕ್ಕೆ ಭಾಗಿಸಿದರೆ ಕಿಲೋ ಸಕ್ಕರೆಗೆ 2000 ಲೀಟರ್. ಐದು ಗ್ರಾಮಿನ ಚಮಚಕ್ಕೆ 10 ಲೀಟರ್. ಅರ್ಧ ಕಪ್ ಚಹಾದಲ್ಲಿ ಎರಡು ಚಮಚ ಹಾಕಿಸಿಕೊಂಡು, ‘ಸಕ್ರಿ ಕಮ್ಮಿ ಆತ್ರೀ’ ಎಂದು ಹಿಂದಿರುಗಿಸಿದವರೆಲ್ಲ ಹಾಜರಾಗಬೇಕು. ಬೀಗರಿಗೆ ಕಿಲೋಗಟ್ಟಲೆ ಕುಂದಾ ಒಯ್ದವರ ಮೇಲೆ ಪ್ರತ್ಯೇಕ ಪ್ರಕರಣ ಹಾಕಬಹುದು.

ಪ್ರಾರ್ಥನೆ: ಮೇಲಿನ ಕಾರಣಗಳಿಂದ ಅರ್ಜಿದಾರರಿಗೆ ಜಾಮೀನು ದಯಪಾಲಿಸಬೇಕು. ವಿಚಾರಣೆಯನ್ನು ಕಾರ್ಖಾನೆ ಹಂಗಾಮು ಮುಗಿದ ಮೇಲೆ ಇಡಬೇಕು. ಜಾಮೀನುದಾರರಾಗಿ ಬಾಜೂ ಹೊಲದವರನ್ನು ಕರೆತರಬೇಕೆಂದಿದ್ದೆವು, ಅವರು ಇದೇ ಪ್ರಕರಣದಲ್ಲಿ ಎರಡನೇ ಆರೋಪಿ. ಅವರ ಬಾಜೂದವರು ಮೂರನೆಯವರು. ಆದ್ದರಿಂದ ಭದ್ರತೆಗೆ ಹೊಲದ ಉತಾರವನ್ನೇ (ಪಹಣಿ) ಇಡುತ್ತಿದ್ದೇವೆ. ಆ ಹೊಲ ಹೇಗೂ ಮಾನ್ಯ ನ್ಯಾಯಾಲಯದ ಹೆಸರಿಗೇ ಬರಲಿರುವುದರಿಂದ ಅದರ ಕಿಮ್ಮತ್ತನ್ನು ನ್ಯಾಯಾಲಯವೇ ಕಟ್ಟಿಕೊಳ್ಳಬಹುದು. ಸ್ಥಳ ತನಿಖೆಗೆ ಬರುವುದಾದರೆ ಹಗಲಿನಲ್ಲೇ ಬರಬೇಕಾಗಿ ವಿನಂತಿ. ಬಾಯಿ ಮುಚ್ಚದ ಬೋರು ಎಲ್ಲೆಲ್ಲಿವೆ ಎಂಬ ಲೆಕ್ಕ ಅರ್ಜಿದಾರರ ಬಳಿಯೂ ಇಲ್ಲ.